ಬೆಟ್ಟಾ ಮೀನಿನ ಬಾಲ ಕರಗುತ್ತಿದೆ, ತಳ ಬಿಟ್ಟು ಏಳುತ್ತಿಲ್ಲ. ಏನು ಮಾಡಲಿ?

ಕೆಂಪಣ್ಣನ ಮನೆ (ಕುವೆಂಪುನಗರ, ಮೈಸೂರು):

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಒಂದು ಗಂಡು ಬೆಟ್ಟಾ ಇದೆ. ಕಡುಕೆಂಪು ಬಣ್ಣ, ಉದ್ದ ಬಾಲ. ದಸರಾ ರಜೆಯಲ್ಲಿ ಮಗಳು ಹಟ ಮಾಡಿ ಕೊಡಿಸಿಕೊಂಡದ್ದು. ನಾಲ್ಕನೇ ಕ್ಲಾಸು ಅವಳು. ಕೆಂಪಣ್ಣ ಅಂತ ಹೆಸರಿಟ್ಟಿದ್ದಾಳೆ. ಮೂರು ತಿಂಗಳು ತುಂಬಾ ಚೆನ್ನಾಗಿದ್ದ. ಗಾಜಿನ ಹತ್ತಿರ ಬೆರಳು ತಂದರೆ ಸಾಕು, ಓಡಿ ಬರುತ್ತಿದ್ದ.

ಈಗ ಐದು ದಿನದಿಂದ ತಳದ ಕಲ್ಲಿನ ಮೇಲೆ ಸುಮ್ನೆ ಮಲಗಿದ್ದಾನೆ. ರೆಕ್ಕೆಗಳನ್ನೆಲ್ಲ ಮೈಗೆ ಅಂಟಿಸಿಕೊಂಡಿದ್ದಾನೆ. ಬಾಲದ ಅಂಚು ಹರಿದ ಹಾಗಿದೆ, ತುದಿ ಕಪ್ಪಾಗಿದೆ. ದಿನದಿಂದ ದಿನಕ್ಕೆ ಗಿಡ್ಡವಾಗುತ್ತಿದೆ. ಮೇಲೆ ಹೋಗಿ ಗಾಳಿ ಕುಡಿದು ಮತ್ತೆ ಕಲ್ಲಿನ ಹಾಗೆ ಕೆಳಗೆ ಬೀಳುತ್ತಾನೆ. ಮೊದಲಿಗಿಂತ ಜಾಸ್ತಿ ಸಲ ಮೇಲೆ ಹೋಗುತ್ತಿದ್ದಾನೆ. ಮೂರು ದಿನದಿಂದ ಒಂದು ಕಾಳೂ ಮುಟ್ಟಿಲ್ಲ.

ತೊಟ್ಟಿ 15 ಲೀಟರಿನದು. ಸಣ್ಣ ಸ್ಪಾಂಜ್ ಫಿಲ್ಟರ್ ಇದೆ, ಹೀಟರ್ ಇಲ್ಲ. ಎರಡು ಪ್ಲಾಸ್ಟಿಕ್ ಗಿಡ. ಬೇರೆ ಮೀನಿಲ್ಲ. ಅಂಗಡಿಯವರನ್ನು ಕೇಳಿದೆ. ನೀಲಿ ಔಷಧಿ ಕೊಟ್ಟು ದಿನಕ್ಕೆ ಐದು ಹನಿ ಹಾಕಿ ಅಂದರು. ಎರಡು ದಿನ ಹಾಕಿದೆ. ಏನೂ ಬದಲಾಗಿಲ್ಲ, ನೀರು ಮಾತ್ರ ನೀಲಿಯಾಗಿದೆ. ಮಗಳು ಸ್ಕೂಲಿಂದ ಬಂದ ತಕ್ಷಣ ತೊಟ್ಟಿ ಮುಂದೆ ಕೂರುತ್ತಾಳೆ. ದಯವಿಟ್ಟು ಗೊತ್ತಿರುವವರು ಹೇಳಿ.

ಹೆಬ್ಬಾಳ ಹುಡುಗ:

ಅಕ್ಕಾ, ಇದು ಫಿನ್ ರಾಟ್. ಬ್ಯಾಕ್ಟೀರಿಯಾದಿಂದ ರೆಕ್ಕೆ ಕೊಳೆಯುವುದು. ನನ್ನದಕ್ಕೂ ಆಗಿತ್ತು. ಮೆಡಿಕಲ್ ಸ್ಟೋರಿನಲ್ಲಿ ಟೆಟ್ರಾಸೈಕ್ಲಿನ್ ಕ್ಯಾಪ್ಸೂಲ್ ಸಿಗುತ್ತದೆ. ಬಿಚ್ಚಿ ನೀರಿಗೆ ಹಾಕಿ. ಬೇಗ ಮಾಡಿ, ತಡ ಮಾಡಿದರೆ ಮೈಗೆ ಹತ್ತುತ್ತದೆ.

ಸುಭಾಷ್‌ನಗರ ಮೀನುಮನೆ (ಮಂಡ್ಯ):

ತಾಯಿ, ಸ್ವಲ್ಪ ತಡೆಯಿರಿ. ಕ್ಯಾಪ್ಸೂಲ್ ಬೇಡ. ಹುಡುಗ ಹೇಳಿದ ರೋಗದ ಹೆಸರು ಸರಿಯಿರಬಹುದು, ಆದರೆ ರೆಕ್ಕೆ ಕೊಳೆಸುವ ಆ ಬ್ಯಾಕ್ಟೀರಿಯಾ ಯಾವ ತೊಟ್ಟಿಯಲ್ಲೂ ಇದ್ದೇ ಇರುತ್ತದೆ. ಮೀನು ಗಟ್ಟಿಯಾಗಿದ್ದಾಗ ಏನೂ ಮಾಡುವುದಿಲ್ಲ. ಮೀನಿನ ಶಕ್ತಿ ಕುಂದಿದಾಗ ಹತ್ತಿಕೊಳ್ಳುತ್ತದೆ. ನಿಮ್ಮ ಕೆಂಪಣ್ಣನ ಶಕ್ತಿ ಯಾಕೆ ಕುಂದಿತು ಅನ್ನುವುದು ಮೊದಲು ಗೊತ್ತಾಗಬೇಕು. ನಾನು ಹನ್ನೆರಡು ವರ್ಷದಿಂದ ಮಹಡಿಯ ಮೇಲೆ ಬೆಟ್ಟಾ ಮರಿ ಮಾಡಿಸುತ್ತಿದ್ದೇನೆ. ಔಷಧಿಯಿಂದ ಕಳೆದುಕೊಂಡ ಮೀನುಗಳ ಲೆಕ್ಕ ನನಗೆ ಇವತ್ತಿಗೂ ನೋವು ಕೊಡುತ್ತದೆ. ಅದಕ್ಕೇ ಹೇಳುತ್ತಿದ್ದೇನೆ.

ಇವತ್ತು ರಾತ್ರಿ ರೂಮಿನ ಲೈಟ್ ಆರಿಸಿ, ಟಾರ್ಚನ್ನು ಪಕ್ಕದಿಂದ ಓರೆಯಾಗಿ ಬಿಟ್ಟು ಮೀನಿನ ಮೈ ನೋಡಿ. ಅರಿಶಿನದ ಪುಡಿ ಉದುರಿಸಿದ ಹಾಗೆ ಹೊಳೆದರೆ ಅದು ವೆಲ್ವೆಟ್. ರವೆ ಅಂಟಿಕೊಂಡ ಹಾಗೆ ಬಿಳಿ ಚುಕ್ಕೆ ಇದ್ದರೆ ಇಕ್. ಎರಡೂ ಪರಾವಲಂಬಿ ಜೀವಿಗಳಿಂದ ಬರುವಂಥವು, ಔಷಧಿಯೇ ಬೇರೆ. ಬಾಯಿ ಸುತ್ತ ಅಥವಾ ಬೆನ್ನಿನ ಮೇಲೆ ಹತ್ತಿಯಂಥದ್ದು ಇದ್ದರೆ ತಕ್ಷಣ ಹೇಳಿ. ಆಮೇಲೆ ಮೇಲಿಂದ ನೋಡಿ. ಹೊಟ್ಟೆ ಊದಿ, ಹುರುಪೆಗಳು ಹಲಸಿನಕಾಯಿ ಮುಳ್ಳಿನ ಹಾಗೆ ಎದ್ದಿದ್ದರೆ ಅದು ಡ್ರಾಪ್ಸಿ. ಅದು ಆಗಿರದಿರಲಿ.

ಬಾಲ ಹೇಗೆ ಹರಿದಿದೆ ಅಂತಲೂ ನೋಡಿ. ಬೆಟ್ಟಾ ತನ್ನ ಬಾಲ ತಾನೇ ಕಚ್ಚಿಕೊಳ್ಳುವುದುಂಟು. ಆಗ ತುಂಡು ಕಿತ್ತ ಹಾಗೆ ಅರ್ಧಚಂದ್ರದ ಗುರುತಿರುತ್ತದೆ, ಅಂಚು ಸ್ವಚ್ಛವಾಗಿರುತ್ತದೆ. ಪ್ಲಾಸ್ಟಿಕ್ ಗಿಡದ ಚೂಪು ತಗುಲಿದರೆ ಉದ್ದಕ್ಕೆ ಸೀಳುತ್ತದೆ. ಕೊಳೆತರೆ ಅಂಚು ಕಪ್ಪಾಗಿ ಅಥವಾ ಕೆಂಪಾಗಿ, ತಿಂದುಹಾಕಿದ ಹಾಗೆ ಇರುತ್ತದೆ.

ಇನ್ನು ಮುಖ್ಯವಾದ ಪ್ರಶ್ನೆ. ಕಾಯಿಲೆ ಬೀಳುವ ಹಿಂದಿನ ವಾರ ಏನು ಮಾಡಿದಿರಿ? ನೀರು ಯಾವಾಗ, ಎಷ್ಟು ಬದಲಾಯಿಸಿದಿರಿ? ಫಿಲ್ಟರ್ ತೊಳೆದಿರಾ? ನೆನಪು ಮಾಡಿಕೊಂಡು ಎಲ್ಲವನ್ನೂ ಹೇಳಿ. ಸಣ್ಣದು ಅಂತ ಬಿಡಬೇಡಿ.

ಕೆಂಪಣ್ಣನ ಮನೆ:

ಸಾರ್, ಟಾರ್ಚ್ ಬಿಟ್ಟು ನೋಡಿದೆವು. ಹಳದಿ ಹೊಳಪಿಲ್ಲ, ಚುಕ್ಕೆ ಇಲ್ಲ, ಹತ್ತಿ ಇಲ್ಲ, ಹುರುಪೆ ಎದ್ದಿಲ್ಲ. ಅಂಚು ನೀವು ಹೇಳಿದ ಹಾಗೆ ಕಪ್ಪು, ತಿಂದುಹಾಕಿದ ಹಾಗಿದೆ. ಕಿವಿರು ಮಾತ್ರ ಕೆಂಪಾಗಿ ಊದಿದ ಹಾಗೆ ಕಂಡಿತು.

ಹಿಂದಿನ ವಾರ ಸಂಕ್ರಾಂತಿಗೆ ಮನೆ ಪೂರ್ತಿ ತೊಳೆದೆವು. ನೆಲದಡಿ ಸಂಪನ್ನೂ ಮೇಲಿನ ಟ್ಯಾಂಕನ್ನೂ ಖಾಲಿ ಮಾಡಿಸಿ ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿಸಿದೆವು. ಅದೇ ದಿನ ನಾನು ಮೀನಿನ ತೊಟ್ಟಿಯನ್ನೂ ತೊಳೆದೆ. ನೀರೆಲ್ಲ ಚೆಲ್ಲಿ, ಕಲ್ಲುಗಳನ್ನು ಬಿಸಿನೀರಿನಲ್ಲಿ ತೊಳೆದು, ಸ್ಪಾಂಜನ್ನು ನಲ್ಲಿ ಕೆಳಗೆ ಹಿಡಿದು ಕಂದು ನೀರು ಹೋಗುವವರೆಗೆ ಹಿಂಡಿದೆ. ಹೊಸ ನೀರು ಟ್ಯಾಂಕಿನದು. ಕ್ಲೋರಿನ್ ತೆಗೆಯುವ ಹನಿ ಹಾಕಿದ್ದೆ. ಮೂರನೇ ದಿನಕ್ಕೆ ನೀರು ಗಂಜಿ ಥರ ಮಬ್ಬಾಯಿತು. ಮರುದಿನದಿಂದ ಅವನು ಮಲಗಿದ. ಹಬ್ಬಕ್ಕೆ ಅವನ ಮನೆಯೂ ಚೆನ್ನಾಗಿರಲಿ ಅಂತ ಮಾಡಿದೆ ಸಾರ್. ನಾನೇ ಏನಾದರೂ ತಪ್ಪು ಮಾಡಿದೆನಾ?

ಸುಭಾಷ್‌ನಗರ ಮೀನುಮನೆ:

ತಾಯಿ, ಪ್ರೀತಿಯಿಂದ ಮಾಡಿದ ಕೆಲಸ ಅದು. ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಆದರೆ ಏನಾಯಿತು ಅಂತ ತಿಳಿದುಕೊಳ್ಳಲೇಬೇಕು.

ಮೀನು ಉಸಿರಾಡುವಾಗಲೂ ಹಿಕ್ಕೆ ಹಾಕುವಾಗಲೂ ನೀರಿಗೆ ಅಮೋನಿಯಾ ಬಿಡುತ್ತದೆ. ಅದು ವಿಷ. ಸ್ಪಾಂಜಿನಲ್ಲಿ, ಕಲ್ಲಿನ ಮೈಮೇಲೆ ಬೆಳೆಯುವ ಒಳ್ಳೆಯ ಬ್ಯಾಕ್ಟೀರಿಯಾ ಅಮೋನಿಯಾವನ್ನು ನೈಟ್ರೈಟ್ ಮಾಡುತ್ತವೆ. ನೈಟ್ರೈಟೂ ವಿಷವೇ. ಇನ್ನೊಂದು ಜಾತಿ ಅದನ್ನು ನೈಟ್ರೇಟ್ ಮಾಡುತ್ತದೆ. ನೈಟ್ರೇಟ್ ಸ್ವಲ್ಪ ಇದ್ದರೆ ಮೀನು ತಡೆದುಕೊಳ್ಳುತ್ತದೆ. ನೀವು ಹಿಂಡಿ ಚೆಲ್ಲಿದ ಕಂದು ನೀರಿನಲ್ಲಿ ಮೂರು ತಿಂಗಳು ಬೆಳೆದ ಬ್ಯಾಕ್ಟೀರಿಯಾ ಇದ್ದವು. ಉಳಿದದ್ದನ್ನು ನಲ್ಲಿಯ ಕ್ಲೋರಿನ್ನೂ ಬಿಸಿನೀರೂ ಕೊಂದಿರಬೇಕು. ನೀಲಿ ಔಷಧಿ ಮೆಥಿಲೀನ್ ಬ್ಲೂ ಇರಬೇಕು. ಅದು ಫಂಗಸ್‌ಗೆ ಒಳ್ಳೆಯದೇ, ಆದರೆ ಪಾತ್ರೆಯೊಂದರಲ್ಲಿ ಮೀನನ್ನು ಬೇರೆ ಇಟ್ಟು ಹಾಕಬೇಕು. ಫಿಲ್ಟರ್ ಇರುವ ತೊಟ್ಟಿಗೆ ಹಾಕಿದರೆ ಒಳ್ಳೆಯ ಬ್ಯಾಕ್ಟೀರಿಯಾಕ್ಕೂ ಪೆಟ್ಟು. ಕ್ಯಾಪ್ಸೂಲ್ ಬೇಡ ಅಂದದ್ದೂ ಅದಕ್ಕೇ.

ನಿಮ್ಮ ಸಂಪಿನ ನೀರಿನಲ್ಲಿ ಬ್ಲೀಚಿಂಗ್ ಪೌಡರ್ ಉಳಿದಿದ್ದರೆ ಮಾಮೂಲಿ ಅಳತೆಯ ಹನಿ ಸಾಲುವುದಿಲ್ಲ. ಇನ್ನೊಂದು, ಮಾಮೂಲಿ ಹನಿ ಕ್ಲೋರಿನ್ ತೆಗೆಯುತ್ತದೆ, ಅಮೋನಿಯಾವನ್ನಲ್ಲ.

ಇದರ ಜೊತೆಗೆ ಚಳಿ. ಬೆಟ್ಟಾ ಥಾಯ್ಲೆಂಡ್ ಕಡೆಯದು. ನೀರು 26 ಡಿಗ್ರಿ ಇದ್ದರೆ ಅದಕ್ಕೆ ಸುಖ. ನಮ್ಮಲ್ಲಿ ಜನವರಿ ಬೆಳಗ್ಗೆ ತೊಟ್ಟಿಯ ನೀರು 20ಕ್ಕೆ ಇಳಿಯುತ್ತದೆ. ಬೆಳಗ್ಗೆ ಒಂದು ಸಲ ಥರ್ಮಾಮೀಟರ್ ಇಟ್ಟು ನೋಡಿ.

ಅಮೋನಿಯಾ ಅಳೆಯಬೇಕು. ಹನಿ ಹಾಕಿ ಬಣ್ಣ ನೋಡುವ ಕಿಟ್ ಬರುತ್ತದೆ. ಹತ್ತಿರದಲ್ಲಿ ಯಾರ ಬಳಿ ಇದೆ?

ಒಂಟಿಕೊಪ್ಪಲು ತೊಟ್ಟಿ:

ನನ್ನ ಬಳಿ ಇದೆ. ನಾಳೆ ಸಂಜೆ ಬಲ್ಲಾಳ್ ಸರ್ಕಲ್ ಹತ್ತಿರ ಬರುತ್ತೇನೆ, ಕಿಟ್ಟನ್ನೇ ಕೊಡುತ್ತೇನೆ. ಕೆಲಸ ಮುಗಿದ ಮೇಲೆ ವಾಪಸ್ ಕೊಡಿ. ಇನ್ನೊಂದು ವಿಷಯ. ನನ್ನ ತೊಟ್ಟಿ ಎರಡು ವರ್ಷದಿಂದ ಚೆನ್ನಾಗಿ ಓಡುತ್ತಿದೆ. ಗಪ್ಪಿಗಳಿವೆ, ಒಂದಕ್ಕೂ ಕಾಯಿಲೆ ಇಲ್ಲ. ಅದರ ಹಳೆಯ ಸ್ಪಾಂಜಿನಲ್ಲಿ ಅರ್ಧ ಕತ್ತರಿಸಿ, ಅದೇ ತೊಟ್ಟಿಯ ನೀರಿನಲ್ಲಿ ಮುಳುಗಿಸಿ ಡಬ್ಬಿಯಲ್ಲಿ ತರುತ್ತೇನೆ. ನಿಮ್ಮ ನೀಲಿ ನೀರು ತೆಗೆದ ಮೇಲೆ ಫಿಲ್ಟರ್ ಪಕ್ಕ ಸಿಕ್ಕಿಸಿ. ಮನೆಗೆ ಹೋದ ತಕ್ಷಣ ಹಾಕಬೇಕು, ಒಣಗಬಾರದು. ಮೊಸರಿಗೆ ಹೆಪ್ಪು ಹಾಕಿದ ಹಾಗೆ ಅದು.

ಕೆಂಪಣ್ಣನ ಮನೆ:

ಬೆಳಗ್ಗೆ ಆರೂವರೆಗೆ ನೀರು 20 ಡಿಗ್ರಿ ಇತ್ತು. ಕಿಟ್ ಸಿಕ್ಕಿತು, ತುಂಬಾ ಉಪಕಾರ ಆಯಿತು. ಅಮೋನಿಯಾ 2 ಪಿಪಿಎಂ, ಅಂದರೆ ಲೀಟರಿಗೆ 2 ಮಿಲಿಗ್ರಾಂ ತೋರಿಸುತ್ತಿದೆ. ಪಿಎಚ್ (ನೀರಿನ ಆಮ್ಲ-ಕ್ಷಾರದ ಅಳತೆ) 8 ಇದೆ. ಹಸಿರು ಬಣ್ಣ ನೋಡಿ ಮಗಳು ಗಾಬರಿಯಾಗಿದ್ದಾಳೆ. ಈಗ ಏನು ಮಾಡಲಿ?

ಸುಭಾಷ್‌ನಗರ ಮೀನುಮನೆ:

ಎರಡು ಅಂದರೆ ಜಾಸ್ತಿ. ಸೊನ್ನೆ ಇರಬೇಕಾದದ್ದು. ಪಿಎಚ್ 8 ಬೇರೆ. ಅಮೋನಿಯಾದಲ್ಲಿ ಮೀನಿಗೆ ನಿಜವಾಗಿ ವಿಷವಾಗುವ ಪಾಲು ಪಿಎಚ್ 7ರಲ್ಲಿ ಇರುವುದಕ್ಕಿಂತ 8ರಲ್ಲಿ ಸುಮಾರು ಹತ್ತರಷ್ಟು ಇರುತ್ತದೆ. ಹಾಗಂತ ಪಿಎಚ್ ಇಳಿಸಲು ನಿಂಬೆಹಣ್ಣು, ವಿನೆಗರ್ ಏನೂ ಹಾಕಬೇಡಿ. ಒಮ್ಮೆಲೇ ಬದಲಾದರೆ ಮೀನು ತಡೆಯುವುದಿಲ್ಲ.

ಈಗಲೇ ಅರ್ಧ ನೀರು ತೆಗೆಯಿರಿ. ಸಂಪಿನ ನೀರು ಬೇಡ. ಬೀದಿಯ ನಲ್ಲಿಗೆ ಕಾವೇರಿ ನೀರು ಬಂದಾಗ ನೇರವಾಗಿ ಎರಡು ಬಕೆಟ್ ಹಿಡಿದು, ಮುಚ್ಚದೆ ಒಂದು ದಿನ ಇಡಿ. ಇವತ್ತಿಗೆ ಪಕ್ಕದ ಮನೆಯಲ್ಲಿ ಕೇಳಿ ತನ್ನಿ, ಕ್ಲೋರಿನ್ ತೆಗೆಯುವ ಹನಿ ಹಾಕಿ. ಸೋಪು ಸೋಕದ ಬಕೆಟ್ ಇರಲಿ. ಹೊಸ ನೀರು ತೊಟ್ಟಿಯ ನೀರಿನಷ್ಟೇ ಬೆಚ್ಚಗಿರಬೇಕು. ಅದರಲ್ಲೇ ಒಂದು ಚೊಂಬು ಕಾಯಿಸಿ ಬೆರೆಸಿಕೊಳ್ಳಿ. ನಿಧಾನವಾಗಿ ಸುರಿಯಿರಿ. ನಾಳೆ ಮತ್ತೆ ಅಳೆದು ಮತ್ತೆ ಅರ್ಧ. ಅಮೋನಿಯಾ 0.25ಕ್ಕಿಂತ ಕೆಳಗೆ ನಿಲ್ಲುವವರೆಗೆ ಹೀಗೇ ದಿನಾ. ಸ್ಪಾಂಜನ್ನು ಮಾತ್ರ ಮುಟ್ಟಬೇಡಿ.

25 ವಾಟಿನ ಹೀಟರ್ ತನ್ನಿ. ದಿನಕ್ಕೆ ಎರಡು ಡಿಗ್ರಿಗಿಂತ ಜಾಸ್ತಿ ಏರಿಸಬೇಡಿ. ನೀರು ಬದಲಾಯಿಸುವಾಗ ಪ್ಲಗ್ ಕಿತ್ತು, ಹತ್ತು ನಿಮಿಷ ಬಿಟ್ಟು ಆಮೇಲೆ ಕೈ ಹಾಕಿ. ಮಗಳಿಗೆ ಇದನ್ನು ಚೆನ್ನಾಗಿ ಹೇಳಿಕೊಡಿ.

ನಿಮ್ಮಲ್ಲಿ ಜೀವಂತ ಗಿಡ ಇಲ್ಲದ್ದರಿಂದ ಉಪ್ಪು ಹಾಕಬಹುದು. ಬೇರೇನೂ ಬೆರೆಸದ ಕಲ್ಲುಪ್ಪು, ಲೀಟರಿಗೆ 1 ಗ್ರಾಂ. ಕಲ್ಲು ಬಿಟ್ಟರೆ ನಿಮ್ಮ ತೊಟ್ಟಿಯಲ್ಲಿ 13 ಲೀಟರ್ ನೀರು ಅಂದುಕೊಳ್ಳಿ, 13 ಗ್ರಾಂ. ಲೋಟದಲ್ಲಿ ಪೂರ್ತಿ ಕರಗಿಸಿ, ಮೂರು ಪಾಲು ಮಾಡಿ ಬೆಳಗ್ಗೆ, ಮಧ್ಯಾಹ್ನ, ಸಂಜೆ ಹಾಕಿ. ಉಪ್ಪು ಆವಿಯಾಗಿ ಹೋಗುವುದಿಲ್ಲ. ಆರು ಲೀಟರ್ ನೀರು ತೆಗೆದರೆ ಹೊಸ ಆರು ಲೀಟರಿಗೆ 6 ಗ್ರಾಂ ಮಾತ್ರ. ನೈಟ್ರೈಟ್ ಏರಿದಾಗಲೂ ಈ ಉಪ್ಪು ಮೀನನ್ನು ಸ್ವಲ್ಪ ಕಾಯುತ್ತದೆ. ಹತ್ತು ದಿನ ಸಾಕು.

ಮೂರು ದಿನ ಊಟ ಹಾಕಬೇಡಿ. ಹಸಿವಿನಿಂದ ಏನೂ ಆಗುವುದಿಲ್ಲ, ಉಳಿದ ಕಾಳು ಕೊಳೆತರೆ ಇನ್ನಷ್ಟು ಅಮೋನಿಯಾ. ಪ್ಲಾಸ್ಟಿಕ್ ಗಿಡ ತೆಗೆದುಬಿಡಿ. ನಿಮ್ಮ ಬೀದಿಯಲ್ಲಿ ನಾಟಿ ಬಾದಾಮಿ ಮರ ಇದ್ದರೆ ತಾನಾಗಿ ಉದುರಿ ಒಣಗಿದ ಕಂದು ಎಲೆ ಒಂದು ತಂದು, ತೊಳೆದು ಅರ್ಧ ಹಾಕಿ. ಔಷಧಿ ಹೊಡೆದ ಮರದ್ದು, ಚರಂಡಿ ಪಕ್ಕದ್ದು ಬೇಡ. ನೀರು ಚಹಾದ ಬಣ್ಣ ಆಗುತ್ತದೆ, ಹೆದರಬೇಡಿ. ಬೆಟ್ಟಾಗೆ ಅಂಥ ನೀರು ಹಿತ. ನನ್ನ ಎಲ್ಲ ತೊಟ್ಟಿಯಲ್ಲೂ ಇರುತ್ತದೆ.

ಹೆಬ್ಬಾಳ ಹುಡುಗ:

ಅಂಕಲ್, ನಾನು ಕ್ಯಾಪ್ಸೂಲ್ ಹಾಕಿದಾಗ ವಾಸಿಯಾಗಿತ್ತು. ಆದರೆ ಆವತ್ತೇ ನೀರನ್ನೂ ಪೂರ್ತಿ ಬದಲಾಯಿಸಿದ್ದೆ. ಯಾವುದರಿಂದ ವಾಸಿಯಾಯಿತು ಅಂತ ಈಗ ಯೋಚನೆಯಾಗುತ್ತಿದೆ. ಅಕ್ಕಾ, ನನ್ನ ಮಾತು ಕೇಳಿ ಹಾಕಿಲ್ಲ ಅಲ್ವಾ?

ಸುಭಾಷ್‌ನಗರ ಮೀನುಮನೆ:

ಒಳ್ಳೆಯ ಪ್ರಶ್ನೆ ಕೇಳಿದೆಯಪ್ಪ. ಆ್ಯಂಟಿಬಯಾಟಿಕ್ ಬೇಕಾಗುವ ಸಂದರ್ಭವೂ ಇದೆ. ನೀರು ಸರಿಹೋದ ಮೇಲೂ ಕೊಳೆತ ಮೈಗೆ ಹತ್ತುತ್ತಾ ಬಂದರೆ ಬೇಕು. ಅದನ್ನು ಪಶುವೈದ್ಯರನ್ನು ಕೇಳಿ, ಬೇರೆ ಪಾತ್ರೆಯಲ್ಲಿ, ಸರಿಯಾದ ಅಳತೆಗೆ ಕೊಡಬೇಕು.

ಕೆಂಪಣ್ಣನ ಮನೆ (ನಾಲ್ಕು ದಿನದ ನಂತರ):

ಕ್ಯಾಪ್ಸೂಲ್ ಹಾಕಿಲ್ಲ ತಮ್ಮಾ, ಚಿಂತೆ ಮಾಡಬೇಡ. ಮೊದಲ ಸಲ ಅರ್ಧ ನೀರು ತೆಗೆದಾಗ ಅಮೋನಿಯಾ 1ಕ್ಕೆ ಇಳಿಯಿತು. ಇವತ್ತು 0.5. ನೀಲಿ ಬಣ್ಣ ಬಹುತೇಕ ಹೋಗಿದೆ. ನೀರು 25 ಡಿಗ್ರಿ. ಮಗಳು ದಿನಾ ಬೆಳಗ್ಗೆ ಅಂಕಿಗಳನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯುತ್ತಾಳೆ. ಹಾಲಿನ ಲೆಕ್ಕದ ಪಕ್ಕದಲ್ಲೇ ಕೆಂಪಣ್ಣನ ಲೆಕ್ಕ. ನಿನ್ನೆ ರಾತ್ರಿ ಅವನು ತಳ ಬಿಟ್ಟು ಬಾದಾಮಿ ಎಲೆಯ ಮೇಲೆ ಮಲಗಿದ್ದ. ಇವತ್ತು ಎರಡು ಕಾಳು ಹಾಕಿದೆ. ಒಂದನ್ನು ಬಾಯಿಗೆ ತೆಗೆದುಕೊಂಡು ಉಗಿದ, ಮತ್ತೆ ತಿಂದ. ನಾನು ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ ಸಾರ್.

ಸುಭಾಷ್‌ನಗರ ಮೀನುಮನೆ:

ತಿಂದನಲ್ಲ, ಅಷ್ಟು ಸಾಕು. ದಿನಕ್ಕೆ ಎರಡೇ ಕಾಳು. ಇನ್ನು ನೈಟ್ರೈಟ್ ಏರಬಹುದು, ಅದನ್ನೂ ಅಳೆಯಿರಿ. ಬಾಲದ ಅಂಚನ್ನು ಹಗಲು ಬೆಳಕಿನಲ್ಲಿ ನೋಡುತ್ತಿರಿ. ಹೊಸ ರೆಕ್ಕೆ ಬಂದರೆ ಬಣ್ಣವಿಲ್ಲದೆ, ತೆಳ್ಳಗಿನ ಪ್ಲಾಸ್ಟಿಕ್ ಹಾಳೆಯ ಹಾಗೆ ಕಾಣುತ್ತದೆ. ಅದನ್ನು ಫಂಗಸ್ ಅಂದುಕೊಂಡು ಔಷಧಿ ಹಾಕಿದವರಿದ್ದಾರೆ. ಹಾಗೆ ಮಾಡಬೇಡಿ.

ಕೆಂಪಣ್ಣನ ಮನೆ (ಐದು ವಾರದ ನಂತರ):

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ನೈಟ್ರೈಟ್ 0.5ರವರೆಗೆ ಏರಿ ಇಳಿಯಿತು. ಹತ್ತು ದಿನದಿಂದ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ. ಉಪ್ಪು ನಿಲ್ಲಿಸಿದ್ದೇನೆ. ಈಗ ವಾರಕ್ಕೊಮ್ಮೆ ನಾಲ್ಕು ಲೀಟರ್ ಮಾತ್ರ ಬದಲಾಯಿಸುತ್ತೇನೆ. ಸ್ಪಾಂಜನ್ನು ತೆಗೆದ ಹಳೆಯ ನೀರಿನಲ್ಲೇ ಎರಡು ಸಲ ಅದ್ದಿ ಹಾಕುತ್ತೇನೆ.

ಬಾಲದ ಕಪ್ಪು ಅಂಚು ಹೋಗಿದೆ. ಅದರಾಚೆ ಅರ್ಧ ಸೆಂಟಿಮೀಟರ್ ಹೊಸ ರೆಕ್ಕೆ, ನೀವು ಹೇಳಿದ ಹಾಗೆ ಬಣ್ಣವಿಲ್ಲದ್ದು. ಬುಡದ ಕಡೆಯಿಂದ ಈಗ ಕೆಂಪು ಇಳಿಯುತ್ತಿದೆ. ಬೆರಳು ತಂದರೆ ಬರುತ್ತಾನೆ. ಮೊನ್ನೆ ನೀರಿನ ಮೇಲೆ ನೊರೆಗೂಡು ಕಟ್ಟಿದ್ದ, ಗಂಡು ಬೆಟ್ಟಾ ಮೊಟ್ಟೆಗೆಂದು ಗುಳ್ಳೆಗಳಿಂದ ಕಟ್ಟುವಂಥದ್ದು.

ಮುಂದಿನ ಸಲ ಸಂಪು ತೊಳೆಸುವ ಹಿಂದಿನ ದಿನವೇ ಅವನಿಗೆ ಎರಡು ಬಕೆಟ್ ನೀರು ಹಿಡಿದಿಡಬೇಕು ಅಂತ ಮಗಳು ಕ್ಯಾಲೆಂಡರಿನ ಹಿಂದಿನ ಪುಟದಲ್ಲಿ ಬರೆದಿದ್ದಾಳೆ. ಒಂಟಿಕೊಪ್ಪಲಿನವರೇ, ಕಿಟ್ಟನ್ನು ಭಾನುವಾರ ಸಂಜೆ ತಂದುಕೊಡುತ್ತೇನೆ, ಅದೇ ಜಾಗಕ್ಕೆ. ಮಗಳೂ ಬರುತ್ತಾಳೆ. ಅವಳಿಗೆ ನಿಮ್ಮ ಗಪ್ಪಿಗಳ ಬಗ್ಗೆ ಏನೇನೋ ಕೇಳಬೇಕಂತೆ.