ಬಾಗಿಲು ನೋಡುವವರು ಬೇರೆ, ರೇಟು ಮಾತಾಡುವವರು ಬೇರೆ

ಕೌಲ್ ಬಜಾರ್ ಕತ್ತರಿ:
ಬಳ್ಳಾರಿಯಲ್ಲಿ ನಂದೊಂದು ಸಣ್ಣ ಜೀನ್ಸ್ ಘಟಕ. ಹದಿನಾಲ್ಕು ಮಷೀನು, ಪೂರ್ತಿ ಜಾಬ್ ವರ್ಕ್, ಅಂದ್ರೆ ಬೇರೆಯವರ ಮಾಲು ಕೂಲಿಗೆ ಹೊಲಿದುಕೊಡುವುದು. ಹೋದ ತಿಂಗಳು ಹೊರದೇಶಕ್ಕೆ ಹೋಗುವ ಮಾಲಿನ ಆರ್ಡರ್ ಕೊಡ್ತೀವಿ ಅಂತ ಒಬ್ಬರು ಬಂದರು. ಕೈಯಲ್ಲಿ ಹನ್ನೊಂದು ಪುಟದ ಪಟ್ಟಿ. ಎರಡನೇ ಬಾಗಿಲು ಇದೆಯಾ, ಬೆಂಕಿ ಆರಿಸುವ ಸಿಲಿಂಡರ್ ಇದೆಯಾ, ಎಲ್ಲರ ವಯಸ್ಸಿನ ದಾಖಲೆ ಇದೆಯಾ, ಹೆಣ್ಣುಮಕ್ಕಳಿಗೆ ಬೇರೆ ಶೌಚಾಲಯ ಇದೆಯಾ. ಒಂದೂ ತಪ್ಪು ಪ್ರಶ್ನೆ ಅಲ್ಲ. ಸಾಲ ಮಾಡಿ ಹಿಂದಿನ ಗೋಡೆ ಒಡೆಸಿ ಬಾಗಿಲು ಇಡಿಸಿದೆ. ವಾರ ಆಗಿಲ್ಲ, ಅದೇ ಕಂಪನಿಯ ಖರೀದಿ ವಿಭಾಗದಿಂದ ಫೋನ್. ಪೀಸಿಗೆ ಎರಡು ರೂಪಾಯಿ ಇಳಿಸಿ, ಇಲ್ಲಾಂದ್ರೆ ಬೇರೆಯವರಿಗೆ ಕೊಡ್ತೀವಿ ಅಂತ. ಬಾಗಿಲು ನೋಡಲು ಬಂದವರಿಗೆ ರೇಟು ಗೊತ್ತಿಲ್ಲ. ರೇಟು ಮಾತಾಡುವವರಿಗೆ ಬಾಗಿಲು ಗೊತ್ತಿಲ್ಲ. ನೀತಿಯ ಖರ್ಚೆಲ್ಲ ನನ್ನ ತಲೆಗೆ, ಹೆಸರು ಮಾತ್ರ ಅವರಿಗೆ. ನೀವೇನಂತೀರಿ?

ಸಿರುಗುಪ್ಪ ಸೋನಾ:
ಅಣ್ಣಾ, ಎರಡನೇ ಬಾಗಿಲು ಇಡಿಸಲು ಹೊರದೇಶದವರೇ ಬಂದು ಹೇಳಬೇಕಿತ್ತಾ? ಇಷ್ಟು ವರ್ಷ ಒಂದೇ ಬಾಗಿಲಲ್ಲಿ ಅಷ್ಟು ಜನರನ್ನು ಕೂರಿಸಿದ್ದಿರಿ ಅಂತಾಯ್ತು.

ಕೌಲ್ ಬಜಾರ್ ಕತ್ತರಿ:
ಚುಚ್ಚಿತು. ಇಲ್ಲ ಅನ್ನಲ್ಲ.

ಹಳೇ ಆಡಿಟರ್:
ಬೆಂಗಳೂರಿನಲ್ಲಿ ಎಂಟು ವರ್ಷ ಇದೇ ಪಟ್ಟಿ ಹಿಡಿದು ಓಡಾಡಿದವನು ನಾನು, ಈಗ ಹೊಸಪೇಟೆಯಲ್ಲಿದ್ದೇನೆ. ಪಟ್ಟಿ ಬಗ್ಗೆ ಹಗುರವಾಗಿ ಮಾತಾಡಬೇಡಿ. 2013ರ ಏಪ್ರಿಲ್ 24ರಂದು ಢಾಕಾ ಪಕ್ಕದ ಸಾವರ್‌ನಲ್ಲಿ ರಾಣಾ ಪ್ಲಾಜಾ ಕಟ್ಟಡ ಕುಸಿದು 1,100ಕ್ಕೂ ಜಾಸ್ತಿ ಜನ ಸತ್ತರು. ಹಿಂದಿನ ದಿನವೇ ಗೋಡೆಯಲ್ಲಿ ಬಿರುಕು ಕಂಡಿತ್ತು. ಕೆಳಗಿದ್ದ ಬ್ಯಾಂಕಿನವರು ಬಾಗಿಲು ಹಾಕಿಕೊಂಡು ಹೋದರು. ಮೇಲಿನ ಗಾರ್ಮೆಂಟ್ಸ್‌ನವರನ್ನು ಮಾತ್ರ ಬೆಳಿಗ್ಗೆ ಮತ್ತೆ ಒಳಗೆ ಕರೆದರು. ಅಲ್ಲಿ ಬೇಕಾಗಿದ್ದು ಬಿರುಕು ನೋಡಿ 'ಇವತ್ತು ಕೆಲಸ ಇಲ್ಲ' ಅನ್ನುವ ಅಧಿಕಾರ ಇರುವ ಒಬ್ಬ ಮನುಷ್ಯ. ಆಡಿಟ್, ಅಂದ್ರೆ ಪಟ್ಟಿ ಹಿಡಿದು ಮಾಡುವ ಈ ತಪಾಸಣೆ, ಆ ದಾರಿಯ ಮೊದಲ ಮೆಟ್ಟಿಲು.

ಮನೆ ಮಷೀನು:
ಮನುಷ್ಯ ಬೇಕಿತ್ತು, ನಿಜ. ಪಟ್ಟಿ ಆ ಮನುಷ್ಯ ಆಗಲ್ಲವಲ್ಲ ಸರ್.

ಗುಡ್ಡದ ಕಡೆಯವ, ಸಂಡೂರು:
ಆಡಿಟ್ ಬಗ್ಗೆ ಒಂದು ಮಾತು. 2012ರ ಸೆಪ್ಟೆಂಬರ್‌ನಲ್ಲಿ ಕರಾಚಿಯ ಅಲಿ ಎಂಟರ್‌ಪ್ರೈಸಸ್ ಕಾರ್ಖಾನೆಗೆ ಬೆಂಕಿ ಬಿದ್ದು 250ಕ್ಕೂ ಹೆಚ್ಚು ಜನ ಸತ್ತರು. ಅಲ್ಲಿ ಹೊಲಿಯುತ್ತಿದ್ದದ್ದೂ ಜೀನ್ಸೇ, ಮುಖ್ಯ ಗಿರಾಕಿ ಜರ್ಮನಿಯ ಕಿಕ್ ಕಂಪನಿ. ಬೆಂಕಿ ಬೀಳುವ ಕೆಲವೇ ವಾರ ಮೊದಲು ಆ ಕಾರ್ಖಾನೆಗೆ ಎಸ್‌ಎ 8000 ಪ್ರಮಾಣಪತ್ರ ಸಿಕ್ಕಿತ್ತು. ಕಾರ್ಮಿಕರನ್ನು ಚೆನ್ನಾಗಿ ನೋಡಿಕೊಳ್ಳುತ್ತಾರೆ ಅನ್ನುವ ಪ್ರಮಾಣಪತ್ರ ಅದು!

ಹಳೇ ಆಡಿಟರ್:
ಪೂರ್ತಿ ಹೇಳಿ. ಆ ಬೆಂಕಿ ತಾನಾಗಿ ಬಿದ್ದದ್ದಲ್ಲ, ಸುಲಿಗೆ ಹಣ ಕೊಡದಿದ್ದಕ್ಕೆ ಹಚ್ಚಿದ್ದು ಅಂತ 2020ರಲ್ಲಿ ಅಲ್ಲಿನ ನ್ಯಾಯಾಲಯ ಇಬ್ಬರಿಗೆ ಮರಣದಂಡನೆ ಕೊಟ್ಟಿದೆ.

ಗುಡ್ಡದ ಕಡೆಯವ, ಸಂಡೂರು:
ಹಚ್ಚಿದವನು ಯಾರೇ ಇರಲಿ ಸರ್. ಕಿಟಕಿಗೆ ಸರಳು, ಹೊರಗೆ ಹೋಗುವ ಬಾಗಿಲಿಗೆ ಬೀಗ. ಜನ ಒಳಗೇ ಸಿಕ್ಕಿಬಿದ್ದದ್ದು ಅದರಿಂದ. ಪ್ರಮಾಣಪತ್ರ ಕೊಟ್ಟವರಿಗೆ ಬೀಗ ಕಾಣಲಿಲ್ಲವಾ?

ಹಳೇ ಆಡಿಟರ್:
ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ನಾವು ಬರುವ ದಿನ ಬೀಗ ತೆಗೆದಿಡುವವರನ್ನು ನಾನೂ ಕಂಡಿದ್ದೇನೆ. ವಾರ ಮೊದಲೇ ತಿಳಿಸಿ ಹೋಗುತ್ತಿದ್ದೆವು, ಇನ್ನೇನಾಗುತ್ತೆ.

ಮನೆ ಮಷೀನು:
ಒಂದು ಸಾಲು ಬರೆದು ಸುಮ್ನೆ ಓದುತ್ತಿದ್ದೆ, ಈಗ ಪೂರ್ತಿ ಬರೆಯಲೇಬೇಕು ಅನ್ನಿಸಿತು. ನಾನು ಮನೆಯಲ್ಲೇ ಕೆಲಸ ಮಾಡುವವಳು. ಸಂಜೆ ಬೈಕಿನ ಮೇಲೆ ಗಂಟು ಬರುತ್ತೆ. ಹೆಚ್ಚಿನ ದಾರ ಕತ್ತರಿಸಬೇಕು, ಲೂಪ್ ಹಾಕಬೇಕು, ಎಣಿಸಿ ಕಟ್ಟಿಡಬೇಕು. ಬೆಳಿಗ್ಗೆ ಅದೇ ಬೈಕು ಬಂದು ಒಯ್ಯುತ್ತೆ. ಲೆಕ್ಕ ಪೀಸಿನದು. ಹೊಸ ಬಟ್ಟೆಯ ನೀಲಿ ಬಣ್ಣ ಬೆರಳಿಗೆ ಹತ್ತಿ ಎರಡು ದಿನ ಹೋಗಲ್ಲ, ರೊಟ್ಟಿ ತಟ್ಟುವಾಗ ಹಿಟ್ಟೆಲ್ಲ ನೀಲಿ. ಮಗಳು ಶಾಲೆಯಿಂದ ಬಂದು ಪಕ್ಕದಲ್ಲಿ ಕೂತು ನಾಲ್ಕು ಪೀಸಿನ ದಾರ ಕತ್ತರಿಸುತ್ತಾಳೆ. ಬೇಡ ಅಂದರೂ ಕೂರುತ್ತಾಳೆ. ಇದು ಬಾಲ ಕಾರ್ಮಿಕ ಪದ್ಧತಿನಾ, ಅಮ್ಮನಿಗೆ ಸಹಾಯನಾ? ನಿಮ್ಮ ಹನ್ನೊಂದು ಪುಟದಲ್ಲಿ ಇದು ಎಲ್ಲಿ ಬರುತ್ತೆ? ಪಟ್ಟಿ ಹಿಡಿದವರು ನಮ್ಮ ಓಣಿಗೆ ಒಮ್ಮೆಯೂ ಬಂದಿಲ್ಲ. ಕತ್ತರಿ ಅಣ್ಣಾ, ಎರಡು ರೂಪಾಯಿ ಇಳಿದಾಗ ನೀವು ಯಾರಿಗೆ ಇಳಿಸಿದಿರಿ?

ಸಿರುಗುಪ್ಪ ಸೋನಾ:
ಇದು ಪ್ರಶ್ನೆ ಅಂದ್ರೆ.

ಹಳೇ ಆಡಿಟರ್:
ಮನೆ ಮಷೀನು ಹೇಳಿದ್ದು ಕಾನೂನುಗಳಲ್ಲೂ ಇರುವ ತೂತು. ಜರ್ಮನಿ 2023ರಿಂದ ಪೂರೈಕೆ ಸರಪಳಿ ಕಾನೂನು ತಂದಿತು. ದೊಡ್ಡ ಕಂಪನಿ ತನ್ನ ನೇರ ಪೂರೈಕೆದಾರರನ್ನು ನಿಯಮಿತವಾಗಿ ತಪಾಸಣೆ ಮಾಡಬೇಕು. ಅವರ ಕೆಳಗಿನವರ ವಿಷಯಕ್ಕೆ ಗಟ್ಟಿ ಸುಳಿವು ಸಿಕ್ಕಾಗ ಮಾತ್ರ ಹೋಗಬೇಕು. ಸುಳಿವು ಕೊಡುವವರು ಯಾರು? ಬೈಕಿನ ಮೇಲೆ ಬರುವ ಗಂಟಿಗೆ ಬಿಲ್ಲೇ ಇರಲ್ಲ.

ಗುಡ್ಡದ ಕಡೆಯವ, ಸಂಡೂರು:
ನಮ್ಮ ಕಡೆ ನೋಡಿ. ಅದಿರು ಚೀನಾಕ್ಕೆ ಹಡಗು ಹಡಗು ಹೋಗುವಾಗ ಯಾವ ಖರೀದಿದಾರನೂ ಪಟ್ಟಿ ಹಿಡಿದು ಗುಡ್ಡ ಹತ್ತಲಿಲ್ಲ. ಬಳ್ಳಾರಿಯ ಗಣಿಗಾರಿಕೆ ನಿಂತದ್ದು 2011ರಲ್ಲಿ, ಸುಪ್ರೀಂ ಕೋರ್ಟ್ ಹೇಳಿದ ಮೇಲೆ. ಖರೀದಿದಾರನ ಮನಸ್ಸಾಕ್ಷಿ ನಂಬಿ ಕೂತಿದ್ದರೆ ಇಷ್ಟು ಹೊತ್ತಿಗೆ ಗುಡ್ಡ ಹಳ್ಳ ಆಗಿರುತ್ತಿತ್ತು.

ಲೆಕ್ಕದ ಪುಸ್ತಕ:
ಸಿಎಸ್‌ಆರ್ (ಕಂಪನಿಗಳ ಸಾಮಾಜಿಕ ಜವಾಬ್ದಾರಿಯ ಖರ್ಚು) ಯಾರೂ ಎತ್ತಲಿಲ್ಲವಲ್ಲ. 2013ರ ಕಂಪನಿ ಕಾಯ್ದೆಯ 135ನೇ ಕಲಂ, ಜಾರಿಗೆ ಬಂದದ್ದು 2014ರ ಏಪ್ರಿಲ್ 1ರಿಂದ. ವರ್ಷಕ್ಕೆ 5 ಕೋಟಿ ನಿವ್ವಳ ಲಾಭ, ಇಲ್ಲವೇ 1,000 ಕೋಟಿ ವಹಿವಾಟು, ಇಲ್ಲವೇ 500 ಕೋಟಿ ನಿವ್ವಳ ಆಸ್ತಿ ಇದ್ದವರು ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇ. 2 ಖರ್ಚು ಮಾಡಬೇಕು. ಸುತ್ತಮುತ್ತಲ ಊರಿಗೆ ಆದ್ಯತೆ ಕೊಡಿ ಅಂತಲೂ ಬರೆದಿದೆ. ಈ ದುಡ್ಡನ್ನು ಕೂಲಿಕಾರರಿಗೆ ತಿರುಗಿಸಿದರೆ ಆಯ್ತಲ್ಲ?

ಹಳೇ ಆಡಿಟರ್:
ಆಗಲ್ಲ. ಸ್ವಂತ ನೌಕರರಿಗೆ ಮಾತ್ರ ಅನುಕೂಲ ಆಗುವ ಕೆಲಸ ಸಿಎಸ್‌ಆರ್ ಲೆಕ್ಕಕ್ಕೆ ಬರಲ್ಲ ಅಂತ ನಿಯಮವೇ ಇದೆ. ಸರಿಯಾದ ನಿಯಮ. ಸಂಬಳ ಕೊಟ್ಟು ದಾನ ಅಂತ ಬರೆದುಕೊಳ್ಳಬಾರದು. ಇನ್ನು ಇಲ್ಲಿ ಕಚೇರಿಯೇ ಇಲ್ಲದೆ ಹೊರದೇಶದಲ್ಲಿ ಕೂತು ಮಾಲು ತರಿಸುವವರಿಗೆ ಆ ಶೇ. 2 ಅನ್ವಯಿಸುವುದೇ ಇಲ್ಲ.

ಸಿರುಗುಪ್ಪ ಸೋನಾ:
ನನಗೆ ಸಿಎಸ್‌ಆರ್ ಅಂದ್ರೆ ಶಾಲೆ ಗೋಡೆಯ ಬಣ್ಣ, ಬಸ್ ನಿಲ್ದಾಣದ ಬೆಂಚು. ಬೆಂಚಿಗಿಂತ ಬೆಂಚಿನ ಮೇಲಿನ ಹೆಸರೇ ದೊಡ್ಡದಾಗಿರುತ್ತೆ. ಅದಿರಲಿ, ವಾಷಿಂಗ್ ಘಟಕದ ನೀರಿನ ಬಗ್ಗೆ ಯಾರಾದರೂ ಮಾತಾಡಿ.

ವಾಷಿಂಗ್‌ನಲ್ಲಿ ಇದ್ದವ:
ನಾನು ಮಾತಾಡ್ತೀನಿ. ನಾಲ್ಕು ವರ್ಷ ಒಂದು ವಾಷಿಂಗ್ ಘಟಕದಲ್ಲಿದ್ದೆ. ಹಳೇ ಪ್ಯಾಂಟಿನ ಹಾಗೆ ತೊಡೆ ಮೇಲೆ ಬಿಳುಪು ಬರಬೇಕು ಅಂದ್ರೆ ಪೊಟ್ಯಾಸಿಯಂ ಪರ್ಮಾಂಗನೇಟ್ ಹೊಡೆಯುತ್ತೇವೆ. ಹೊಡೆಯುವಾಗ ನೇರಳೆ, ಒಣಗಿದರೆ ಕಂದು. ಮೂಗಿಗೆ ಕರವಸ್ತ್ರ, ಅಷ್ಟೇ. ಸಂಜೆ ಕರವಸ್ತ್ರವೂ ಕಂದು. ನೀರು ಸಂಸ್ಕರಿಸುವ ಘಟಕ ಇತ್ತು, ನಡೆಸಿದರೆ ಕರೆಂಟ್ ಬಿಲ್ ಜಾಸ್ತಿ ಅಂತ ಯಾರಾದರೂ ಬರುವ ದಿನ ಮಾತ್ರ ಆನ್ ಮಾಡುತ್ತಿದ್ದರು. ಟರ್ಕಿಯಲ್ಲಿ ಇದೇ ಬಿಳುಪಿಗೆ ಮರಳು ಹೊಡೆಯುತ್ತಿದ್ದರು. ಆ ಧೂಳು ಕುಡಿದ ಹುಡುಗರಿಗೆ ಸಿಲಿಕೋಸಿಸ್ ಬಂತು. ಶ್ವಾಸಕೋಶದ ವಾಸಿಯಾಗದ ಕಾಯಿಲೆ. 2009ರಲ್ಲಿ ಅಲ್ಲಿನ ಸರ್ಕಾರ ಜೀನ್ಸಿಗೆ ಮರಳು ಹೊಡೆಯುವುದನ್ನೇ ನಿಷೇಧಿಸಿತು. ಮರುವರ್ಷ ಲೀವೈಸ್, ಎಚ್ ಅಂಡ್ ಎಂ ಕೂಡ ಬಿಡ್ತೀವಿ ಅಂದವು. ಒಂದು ಪ್ಯಾಂಟು ಹಳೇದಾಗಿ ಕಾಣಲಿ ಅಂತ ಇಷ್ಟೆಲ್ಲ. ನಮ್ಮಪ್ಪನ ಪ್ಯಾಂಟು ತಾನೇ ಹಳೇದಾಗುತ್ತಿತ್ತು.

ಲೆಕ್ಕದ ಪುಸ್ತಕ:
ಹಾಗಾದ್ರೆ ದಾರಿ ಏನು? ರೇಟು ಹೆಚ್ಚಿಸಿ ಅಂದ್ರೆ ಆರ್ಡರ್ ಬೇರೆ ದೇಶಕ್ಕೆ ಹೋಗುತ್ತೆ. ಸುಮ್ಮನಿದ್ರೆ ಇದೇ ಗತಿ.

ಹಳೇ ಆಡಿಟರ್:
ಒಂದು ಉದಾಹರಣೆ ಇದೆ. ರಾಣಾ ಪ್ಲಾಜಾ ಆದ ಮೇಲೆ ಬ್ರ್ಯಾಂಡುಗಳೂ ಕಾರ್ಮಿಕ ಸಂಘಗಳೂ ಸೇರಿ ಬಾಂಗ್ಲಾದೇಶದ ಕಟ್ಟಡ ಸುರಕ್ಷತೆಗೆ ಒಂದು ಒಪ್ಪಂದ ಮಾಡಿಕೊಂಡವು. 200ಕ್ಕೂ ಹೆಚ್ಚು ಬ್ರ್ಯಾಂಡುಗಳು ಸಹಿ ಹಾಕಿದವು. ಕಾನೂನಿಗೆ ಕಟ್ಟುಬಿದ್ದ ಒಪ್ಪಂದ, ತಪ್ಪಿದರೆ ಮಧ್ಯಸ್ಥಿಕೆ ಮಂಡಳಿಗೆ ದೂರು ಒಯ್ಯಬಹುದು. ಅದರೊಳಗೆ ಒಂದು ಮಾತಿದೆ. ಕಾರ್ಖಾನೆಯನ್ನು ಸುರಕ್ಷಿತವಾಗಿ ಇಟ್ಟುಕೊಳ್ಳುವ ಖರ್ಚು ಪೂರೈಕೆದಾರನಿಗೆ ಗಿಟ್ಟುವ ಹಾಗೆ ಬ್ರ್ಯಾಂಡು ವ್ಯವಹಾರ ಕುದುರಿಸಬೇಕು ಅಂತ. ಕತ್ತರಿ ಅವರು ಕೇಳುತ್ತಿರುವುದು ಇಷ್ಟೇ, ಬಾಗಿಲೂ ರೇಟೂ ಒಂದೇ ಕಾಗದದಲ್ಲಿ ಬರಲಿ ಅಂತ.

ಗುಡ್ಡದ ಕಡೆಯವ, ಸಂಡೂರು:
ಅದಕ್ಕೂ ಸಾವಿರ ಹೆಣ ಬೀಳಬೇಕಾಯ್ತು.

ಕೌಲ್ ಬಜಾರ್ ಕತ್ತರಿ:
ಮನೆ ಮಷೀನು ಅವರ ಪ್ರಶ್ನೆಗೆ ಉತ್ತರ ಕೊಡದೆ ಎರಡು ಗಂಟೆ ಆಯ್ತು. ಕೊಡ್ತೀನಿ. ಒಂದು ರೂಪಾಯಿ ನಾನು ನುಂಗಿಕೊಂಡೆ. ಇನ್ನೊಂದನ್ನು ಮನೆಯಲ್ಲಿ ಗಂಟಿನ ಕೆಲಸ ಮಾಡುವವರಿಗೆ ಇಳಿಸಿದೆ. ಮಷೀನಿನ ಮೇಲೆ ಕೂತವರಿಗೆ ಇಳಿಸಿದರೆ ನಾಳೆ ಪಕ್ಕದ ಘಟಕಕ್ಕೆ ಹೋಗುತ್ತಾರೆ. ಮನೆಯವರು ಹೋಗಲ್ಲ ಅಂತ ಗೊತ್ತಿತ್ತು.

ಮನೆ ಮಷೀನು:
ಗೊತ್ತಿತ್ತು ಅಂದಿರಲ್ಲ, ಅಷ್ಟು ಸಾಕು. ಆ ಪಟ್ಟಿಯಲ್ಲಿ ನಮ್ಮ ಹೆಸರು ಬರೆಯುವ ಜಾಗ ಇದೆಯಾ?

ಹಳೇ ಆಡಿಟರ್:
ಕೊನೆಯ ಪುಟದಲ್ಲಿ 'ಇತರೆ' ಅಂತ ನಾಲ್ಕು ಗೆರೆ ಖಾಲಿ ಇರುತ್ತೆ. ಕೆಲಸ ಹೊರಗೆ ಕೊಡುತ್ತೀರಾ, ಎಷ್ಟು ಮನೆಗೆ, ಪೀಸಿಗೆ ಎಷ್ಟು ಅಂತ ಅಲ್ಲಿ ಬರೆಯಬಹುದು. ಬರೆದರೆ ಆರ್ಡರ್ ಕೈತಪ್ಪುವ ಸಾಧ್ಯತೆಯೂ ಇದೆ, ಸುಳ್ಳು ಹೇಳಲ್ಲ. ಎಂಟು ವರ್ಷದಲ್ಲಿ ಅಲ್ಲಿ ಬರೆದವರನ್ನು ನಾನು ನೋಡಿಲ್ಲ.

ಕೌಲ್ ಬಜಾರ್ ಕತ್ತರಿ:
ಪಟ್ಟಿ ಮುಂದೆ ಇಟ್ಟುಕೊಂಡು ಕೂತಿದ್ದೇನೆ. ಹನ್ನೆರಡು ಮನೆ. ಪೀಸಿನ ರೇಟು ಬರೆಯಲು ಕೈ ಬರುತ್ತಿಲ್ಲ. ಈಗ ಕರೆಂಟ್ ಬಂತು, ಹುಡುಗರು ಕರೆಯುತ್ತಿದ್ದಾರೆ. ರಾತ್ರಿ ಮತ್ತೆ ಬರುತ್ತೇನೆ.

ಮನೆ ಮಷೀನು:
ನಮ್ಮದೂ ಬೈಕು ಬಂತು.