ಹಳೇ ವ್ಯಾಗನ್ ಆರ್: ಹೀಟರ್ ಫುಲ್ ಇಟ್ಟರೂ ಉಗುರುಬೆಚ್ಚಗಿನ ಗಾಳಿ

ಬಳ್ಳಾರಿ_ಟು_ಶಿಮ್ಲಾ

ಗಾಡಿ 2006ರ ವ್ಯಾಗನ್ ಆರ್, ಪೆಟ್ರೋಲ್, 1061 ಸಿಸಿ. ಇಷ್ಟು ವರ್ಷ ಓಡಿದ್ದೆಲ್ಲ ಬಳ್ಳಾರಿಯಲ್ಲಿ, ಈಗ ಶಿಮ್ಲಾದಲ್ಲಿದೆ. ನಾಬ್ ಪೂರ್ತಿ ಕೆಂಪಿಗೆ ತಿರುಗಿಸಿ, ಬ್ಲೋವರ್ ಮೂರರಲ್ಲಿಟ್ಟರೂ ಇಪ್ಪತ್ತು ನಿಮಿಷ ಆದಮೇಲೆ ಬರೋದು ಉಗುರುಬೆಚ್ಚಗಿನ ಗಾಳಿ. ಟೆಂಪರೇಚರ್ ಮುಳ್ಳು ಕಾಲು ಭಾಗ ದಾಟಲ್ಲ. ಸೋಲನ್ ಕಡೆಗೆ ಇಳಿಯೋವಾಗ ಪೂರ್ತಿ ಕೆಳಗೆ ಬಿದ್ದೇಹೋಗುತ್ತೆ, ವಾಪಸ್ ಘಾಟಿ ಹತ್ತೋವಾಗ ಸ್ವಲ್ಪ ಮೇಲೇಳುತ್ತೆ. ಮೈಲೇಜ್ ಕೂಡ ಕಮ್ಮಿ.

ಇಲ್ಲಿನ ಮೆಕ್ಯಾನಿಕ್ ಹೀಟರ್ ಕೋರ್ (ಡ್ಯಾಶ್‌ಬೋರ್ಡ್ ಹಿಂದೆ ಇಂಜಿನ್‌ನ ಬಿಸಿ ಕೂಲೆಂಟ್ ಹರಿಯೋ ಸಣ್ಣ ರೇಡಿಯೇಟರ್) ಬದಲಾಯಿಸಬೇಕು, ಡ್ಯಾಶ್‌ಬೋರ್ಡ್ ಪೂರ್ತಿ ಇಳಿಸಬೇಕು ಅಂತಿದ್ದಾರೆ. ಅದಕ್ಕಿಂತ ಮುಂಚೆ ಏನಾದ್ರೂ ನೋಡಬಹುದಾ? ರೇಡಿಯೇಟರ್ ಮುಂದೆ ರಟ್ಟು ಕಟ್ಟಿದ್ರೆ ಪ್ರಯೋಜನ ಇದೆಯಾ? ಸಿಗರೇಟ್ ಲೈಟರ್ ಸಾಕೆಟ್‌ಗೆ ಹಾಕೋ 12 ವೋಲ್ಟ್ ಹೀಟರ್ ಹೇಗೆ?

ಸ್ಪ್ಯಾನರ್_ಶೆಟ್ರು

ಡ್ಯಾಶ್‌ಬೋರ್ಡ್ ಮುಟ್ಟೋಕೆ ಬಿಡಬೇಡಿ ಸರ್. ಕೋರ್ ಕಟ್ಟಿಕೊಂಡಿದ್ರೆ ಗಾಳಿ ತಣ್ಣಗಿರುತ್ತೆ, ಆದ್ರೆ ಇಂಜಿನ್ ಮುಳ್ಳು ತನ್ನ ಜಾಗದಲ್ಲೇ ನಿಲ್ಲುತ್ತೆ. ನಿಮ್ಮಲ್ಲಿ ಮುಳ್ಳೇ ಏಳ್ತಿಲ್ಲ, ಇಳಿಜಾರಲ್ಲಿ ಬೀಳ್ತಿದೆ. ಇಂಜಿನ್ನೇ ಕಾಯ್ತಿಲ್ಲ ಅಂದಮೇಲೆ ಹೀಟರ್‌ಗೆ ಬಿಸಿ ಎಲ್ಲಿಂದ ಬರಬೇಕು?

ಬಳ್ಳಾರಿ ಗಾಡಿ ಅಂದ್ರಲ್ಲ, ನನ್ನ ಅನುಮಾನ ಅಲ್ಲೇ. ಬಿಸಿಲು ಊರುಗಳಲ್ಲಿ ಗಾಡಿ ಒಂದ್ಸಲ ಓವರ್‌ಹೀಟ್ ಆದ್ರೆ ಸಾಕು, ಥರ್ಮೋಸ್ಟಾಟ್ (ಇಂಜಿನ್ ಕಾಯೋವರೆಗೂ ಕೂಲೆಂಟನ್ನ ರೇಡಿಯೇಟರ್‌ಗೆ ಬಿಡದ ವಾಲ್ವ್) ಕಿತ್ತು ಬಿಸಾಕಿ ಖಾಲಿ ಮುಚ್ಚಳ ಹಾಕಿಬಿಡ್ತಾರೆ. ಆಮೇಲೆ ಕೂಲೆಂಟ್ ಮೊದಲ ನಿಮಿಷದಿಂದಲೇ ರೇಡಿಯೇಟರ್ ಸುತ್ತುತ್ತೆ. 40 ಡಿಗ್ರಿ ಊರಲ್ಲಿ ಇದು ಯಾರಿಗೂ ಗೊತ್ತಾಗಲ್ಲ, 5 ಡಿಗ್ರಿಯಲ್ಲಿ ಬಣ್ಣ ಬಯಲಾಗುತ್ತೆ. ಮೈಲೇಜ್ ಕಮ್ಮಿಯಾಗೋದಕ್ಕೂ ಇದೇ ಕಾರಣ ಇರಬಹುದು: ಇಂಜಿನ್ ಇನ್ನೂ ತಣ್ಣಗಿದೆ ಅಂತ ಇಸಿಯು (ಇಂಜಿನ್ ಕಂಪ್ಯೂಟರ್) ಪೆಟ್ರೋಲ್ ಜಾಸ್ತಿ ಕೊಡ್ತಾನೇ ಇರುತ್ತೆ.

ಪರೀಕ್ಷೆಗೆ ಒಂದು ಪೈಸೆ ಖರ್ಚಿಲ್ಲ. ಬೆಳಿಗ್ಗೆ ತಣ್ಣಗಿರೋ ಇಂಜಿನ್ ಸ್ಟಾರ್ಟ್ ಮಾಡಿ, ರೇಡಿಯೇಟರ್‌ನ ಮೇಲಿನ ದಪ್ಪ ಹೋಸ್ ಮೇಲೆ ಕೈಯಿಡಿ, ಫ್ಯಾನಿಂದ ದೂರ. ಥರ್ಮೋಸ್ಟಾಟ್ ಸರಿಯಿದ್ರೆ ಎಷ್ಟೋ ನಿಮಿಷ ಹೋಸ್ ತಣ್ಣಗೇ ಇದ್ದು, ಆಮೇಲೆ ಒಂದೇ ಸಲ ಬಿಸಿಯಾಗುತ್ತೆ. ಇಂಜಿನ್ ಜೊತೆಜೊತೆಗೇ ನಿಧಾನಕ್ಕೆ ಬೆಚ್ಚಗಾಗ್ತಾ ಬಂದ್ರೆ ಥರ್ಮೋಸ್ಟಾಟ್ ತೆರೆದಲ್ಲೇ ಸಿಕ್ಕಿಕೊಂಡಿದೆ, ಅಥವಾ ಒಳಗೆ ಥರ್ಮೋಸ್ಟಾಟೇ ಇಲ್ಲ.

ಹೊಸದು ಹಾಕೋ ಮುಂಚೆ ಒಲೆ ಮೇಲೆ ಪಾತ್ರೆಯಲ್ಲಿ ನೀರಿಟ್ಟು, ಥರ್ಮೋಸ್ಟಾಟನ್ನ ದಾರದಲ್ಲಿ ತಳ ತಾಗದಂತೆ ಇಳಿಬಿಟ್ಟು ನೋಡಿ. ಅದರ ಮೇಲೆ ಒತ್ತಿರೋ ಅಂಕಿಯ (82 ಅಥವಾ 88, ಗಾಡಿಗೆ ಹೇಳಿದ್ದೇ ತಗೊಳ್ಳಿ) ಆಸುಪಾಸಲ್ಲಿ ಬಾಯಿ ಬಿಡೋಕೆ ಶುರುವಾಗಬೇಕು, ಇಳಿಸಿದ ಮೇಲೆ ಪೂರ್ತಿ ಮುಚ್ಚಬೇಕು. ಕೂರಿಸೋವಾಗ ಸ್ಪ್ರಿಂಗ್ ಇರೋ ಕಡೆ ಇಂಜಿನ್‌ಗೆ. ಅಂಚಿನಲ್ಲಿ ಅಲುಗಾಡೋ ಸಣ್ಣ ಪಿನ್ ಇರುತ್ತಲ್ಲ, ಗಾಳಿ ಹೋಗೋ ದಾರಿ ಅದು, ಮೇಲ್ಗಡೆ ಬರಲಿ. ಹಳೇ ಗ್ಯಾಸ್ಕೆಟ್ ಕೆರೆದು ತೆಗೆದು ಹೊಸದೇ ಹಾಕಿ. ಹೌಸಿಂಗ್ ಅಲ್ಯೂಮಿನಿಯಂ, ಬೋಲ್ಟ್ ಸಣ್ಣವು. ಉದ್ದ ಹಿಡಿಯ ಸ್ಪ್ಯಾನರ್ ಹಾಕಿ ಜೋರಾಗಿ ಬಿಗಿದ್ರೆ ಥ್ರೆಡ್ ಹೋಗುತ್ತೆ.

ರಟ್ಟಿನ ವಿಷಯ: ಥರ್ಮೋಸ್ಟಾಟ್ ಇಲ್ಲದಿದ್ರೆ ರಟ್ಟು ಕೆಲಸ ಮಾಡಿದ ಹಾಗೆ ಕಾಣುತ್ತೆ, ಇದ್ದರೆ ಅದರ ಅಗತ್ಯವೇ ಇಲ್ಲ. ಮರೆತು ಹಾಗೇ ಘಾಟಿ ಹತ್ತಿದ್ರೆ ಇಂಜಿನ್ ಕುದಿಯುತ್ತೆ. 12 ವೋಲ್ಟ್ ಡಬ್ಬಿ ದುಡ್ಡು ದಂಡ. ಆ ಸಾಕೆಟ್ಟಿನ ಫ್ಯೂಸ್ 15 ಆಂಪಿಯರ್ ಅಂದ್ಕೊಂಡ್ರೂ ಸಿಗೋದು 180 ವ್ಯಾಟ್, ಕಾರಿನ ಹೀಟರ್ ಕೊಡೋದು ಕಿಲೋವ್ಯಾಟ್ ಲೆಕ್ಕದಲ್ಲಿ.

ಕೂಲೆಂಟ್_ಕಾಕಾ

ಶೆಟ್ರು ಹೇಳಿದ್ದು ಸರಿ. ಅದರ ಜೋಡಿ ರೇಡಿಯೇಟರ್ ಫ್ಯಾನೂ ನೋಡ್ರಿ. ಥರ್ಮೋಸ್ಟಾಟ್ ಕಿತ್ತವರು ಫ್ಯಾನ್ ಸ್ವಿಚ್ಚನ್ನೂ ಬಿಟ್ಟಿರಂಗಿಲ್ಲ, ವೈರ್ ಡೈರೆಕ್ಟ್ ಮಾಡಿರ್ತಾರ. ಎಸಿ ಆಫ್ ಇಟ್ಟು ತಣ್ಣನೆ ಇಂಜಿನ್ ಮ್ಯಾಲೆ ಕೀ ತಿರುಗಿಸಿದ ಕೂಡಲೇ ಫ್ಯಾನ್ ತಿರುಗಿದ್ರ ಅದೇ ಕತಿ. ಅದನ್ನ ಕಂಪನಿ ವೈರಿಂಗ್‌ಗೆ ತರಬೇಕು. ಮೊದಲು ಯಾಕ ಓವರ್‌ಹೀಟ್ ಆಗಿತ್ತು ಅನ್ನೋದೂ ತಿಳೀಬೇಕು. ರೇಡಿಯೇಟರ್ ಕಟ್ಟಿತ್ತು, ಇಲ್ಲಾ ಸ್ವಿಚ್ ಸತ್ತಿತ್ತು, ಬಹಳ ಸಲ ಎರಡರಾಗ ಒಂದಿರತದ. ಅದನ್ನ ಬಿಟ್ಟು ಬರೇ ಥರ್ಮೋಸ್ಟಾಟ್ ಹಾಕಿದ್ರ ಹಳೇ ರೋಗ ವಾಪಸ್ ಬರತದ.

ಇಂಜಿನ್ ಸರಿಯಾಗಿ ಕಾದಮ್ಯಾಲೆ ಹಿಂದಿನ ತಗಡಿನ ಗೋಡೆಯೊಳಗ ಹೋಗೋ ಎರಡು ಸಣ್ಣ ಹೀಟರ್ ಹೋಸ್ ಮುಟ್ಟಿ ನೋಡ್ರಿ. ಎರಡೂ ಕೈ ಸುಡೋ ಹಂಗಿದ್ರ ನೀರಿನ ಕಡೆ ತೊಂದರೆ ಇಲ್ಲ, ಗಾಳಿ ಕಡೆ ಹುಡುಕ್ರಿ. ಒಂದು ಬಿಸಿ, ಒಂದು ತಣ್ಣಗಿದ್ರ ಕೋರ್ ಕಟ್ಟೇದ, ಇಲ್ಲಾ ಆ ಹೋಸಿನ ಮ್ಯಾಲೆ ವಾಲ್ವ್ ಇದ್ದರ ಅದರ ಕೇಬಲ್ ಪೂರ್ತಿ ಎಳೀವಲ್ದು. ಎರಡು ಹೋಸ್ ಸೇರಿಸಿ ಒಂದೇ ಲೂಪ್ ಮಾಡಿದ್ರಂತೂ ಕೋರ್ ಸೋರಿತ್ತು ಅಂತ ಯಾರೋ ಬೈಪಾಸ್ ಮಾಡ್ಯಾರ. ಆಗ ಮಾತ್ರ ಡ್ಯಾಶ್‌ಬೋರ್ಡ್ ಇಳಿಸೋ ಮಾತು.

ಕೋರ್ ಕಟ್ಟಿದ್ರ ಉಲ್ಟಾ ತೊಳೀರಿ. ಇಂಜಿನ್ ಆರಿದ ಮ್ಯಾಲೆ ಎರಡೂ ಹೋಸ್ ಬಿಚ್ಚಿ, ನೀರು ಹೊರಗ ಬರೋ ಪೈಪಿನಿಂದ ಒಳಗ ಬಿಡ್ರಿ. ಗಿಡಕ್ಕ ನೀರು ಹಾಕೋ ಪೈಪು, ನಲ್ಲಿ ಅರ್ಧ ತೆರೆದು. ಜೋರು ಪ್ರೆಷರ್ ಬ್ಯಾಡ, ಹಳೇ ಕೋರಿನ ಬೆಸುಗೆ ಬಿಡತದ. ಮೊದಲು ಕಾಫಿ ಡಿಕಾಕ್ಷನ್ ಬಣ್ಣದ ನೀರು, ಅದರಾಗ ತುಕ್ಕಿನ ಚಕ್ಕಿ ಬರತಾವ. ತಿಳಿ ಆಗೋ ತನಕ ಬಿಡ್ರಿ. ಸಾಲದಿದ್ರ ಒಂದು ಲೀಟರ್ ಬಿಸಿನೀರಿಗೆ 50 ಗ್ರಾಂ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಕರಗಿಸಿ ಕೋರಿನೊಳಗ ತುಂಬಿ, ಅರ್ಧ ತಾಸು ಬಿಟ್ಟು, ಮತ್ತ ಎರಡೂ ದಿಕ್ಕಿನಿಂದ ಚಲೋ ತೊಳೀರಿ. ಟಾಯ್ಲೆಟ್ ತೊಳೆಯೋ ಆಸಿಡ್, ವಾಷಿಂಗ್ ಸೋಡಾ ಎರಡನ್ನೂ ಮುಟ್ಟಬ್ಯಾಡ್ರಿ, ಅಲ್ಯೂಮಿನಿಯಂ ತಿಂತಾವ.

ಹೋಸ್ ಬಿಚ್ಚೋವಾಗ ಎಚ್ಚರ. ಇಷ್ಟು ವರ್ಷದ ರಬ್ಬರು ಪೈಪಿಗೆ ಅಂಟಿರತದ. ತಿರುವಿ ಎಳೆದ್ರ ಒಳಗಿನ ಕೋರ್ ಪೈಪ್ ಬಾಗತದ, ಆಮ್ಯಾಲೆ ಕೂಲೆಂಟ್ ಕಾಲಡಿ ಮ್ಯಾಟಿನ ಮ್ಯಾಲೆ ಸೋರತದ. ಬ್ಲೇಡಿನಿಂದ ಉದ್ದಕ್ಕ ಸೀಳಿ ತೆಗೀರಿ, ಆ ತುಂಡು ಅಂಗಡಿಗೆ ಒಯ್ದು ಅದೇ ಅಳತೆಯ ಹೀಟರ್ ಹೋಸ್ ತರ್ರಿ.

ಹಿಮಪ್ಪ

ಹೀಟರ್‌ಗಿಂತ ಮುಂಚೆ ಒಂದು ಅರ್ಜೆಂಟ್ ವಿಷಯ: ಈಗ ಒಳಗಿರೋದು ಕೂಲೆಂಟಾ, ಬೋರ್‌ವೆಲ್ ನೀರಾ? ಬರೀ ನೀರಾದ್ರೆ ರಾತ್ರಿ ಸೊನ್ನೆಗಿಂತ ಕೆಳಗೆ ಹೋದಾಗ ಹೆಪ್ಪುಗಟ್ಟಿ ಹಿಗ್ಗುತ್ತೆ, ಬ್ಲಾಕ್ ಬಿರುಕು ಬಿಡಬಹುದು. ಕಾನ್ಸಂಟ್ರೇಟ್ (ನೀರು ಬೆರೆಸದ ಕೂಲೆಂಟ್) ತಗೊಂಡ್ರೆ ಅರ್ಧಕ್ಕರ್ಧ ಡಿಸ್ಟಿಲ್ಡ್ ವಾಟರ್ ಬೆರೆಸಿ, ಮೈನಸ್ 35ರವರೆಗೂ ಭಯವಿಲ್ಲ. ಜಾಸ್ತಿ ಹಾಕಿದ್ರೆ ಜಾಸ್ತಿ ಒಳ್ಳೇದು ಅಂತ ಬರೀ ಕಾನ್ಸಂಟ್ರೇಟ್ ಸುರೀಬೇಡಿ. ಬೆರೆಸಿದ್ದಕ್ಕಿಂತ ಅದೇ ಬೇಗ ಗಟ್ಟಿಯಾಗುತ್ತೆ, ಶಾಖವನ್ನೂ ಕಮ್ಮಿ ಹೊರುತ್ತೆ. ರೆಡಿ ಮಿಕ್ಸ್ ಕ್ಯಾನ್ ಆದ್ರೆ ಮತ್ತೆ ನೀರು ಬೆರೆಸೋ ಹಾಗಿಲ್ಲ.

ರೇಡಿಯೇಟರ್ ಕ್ಯಾಪ್ ರಬ್ಬರ್ ಗಟ್ಟಿಯಾಗಿದ್ರೆ ಅದನ್ನೂ ಬದಲಾಯಿಸಿ. ಸುಮಾರು 2,200 ಮೀಟರ್ ಎತ್ತರದಲ್ಲಿ ತೆರೆದ ನೀರು 93 ಡಿಗ್ರಿಗೇ ಕುದಿಯುತ್ತೆ. ಕ್ಯಾಪ್ ಒತ್ತಡ ಹಿಡೀದಿದ್ರೆ ಥರ್ಮೋಸ್ಟಾಟ್ ಹಾಕಿದ ಮರುದಿನವೇ ಕೂಲೆಂಟ್ ಉಕ್ಕಿ, ತಪ್ಪು ಪಾಪ ಥರ್ಮೋಸ್ಟಾಟ್ ಮೇಲೆ ಬರುತ್ತೆ.

ಚೆಲ್ಲಿದ ಕೂಲೆಂಟ್ ತೊಳೆದುಬಿಡಿ. ಸಿಹಿ ಇರುತ್ತೆ, ನಾಯಿ ನೆಕ್ಕಿದ್ರೆ ಸಾಯಬಹುದು.

ಬಳ್ಳಾರಿ_ಟು_ಶಿಮ್ಲಾ

ಶೆಟ್ರು ಹೇಳಿದ್ದೇ ನಿಜ. ಮುಚ್ಚಳ ಬಿಚ್ಚಿದ್ರೆ ಒಳಗೆ ಏನೂ ಇಲ್ಲ. ಫ್ಯಾನೂ ಡೈರೆಕ್ಟ್ ಇತ್ತು. ಥರ್ಮೋಸ್ಟಾಟ್, ಫ್ಯಾನ್ ಸ್ವಿಚ್, ಕ್ಯಾಪ್ ಮೂರೂ ಹೊಸದು, ಕೂಲೆಂಟ್ ಪೂರ್ತಿ ಬದಲು. ಮುಳ್ಳು ಈಗ ಅರ್ಧದ ಹತ್ತಿರ ನಿಲ್ಲುತ್ತೆ. ಆದ್ರೆ ಗಾಡಿ ಓಡೋವಾಗ ಬಿಸಿ, ಸಿಗ್ನಲ್‌ನಲ್ಲಿ ನಿಂತ್ರೆ ತಣ್ಣಗೆ. ಡ್ಯಾಶ್‌ಬೋರ್ಡ್ ಹಿಂದೆ ಗುಳುಗುಳು ಅಂತ ಸದ್ದು. ಗಾಳಿ ರಭಸವೂ ಕಮ್ಮಿ ಅನ್ಸುತ್ತೆ.

ಸ್ಪ್ಯಾನರ್_ಶೆಟ್ರು

ಗುಳುಗುಳು ಅಂದ್ರೆ ಕೋರಿನಲ್ಲಿ ಗಾಳಿ ಸಿಕ್ಕಿಕೊಂಡಿದೆ. ಮೂತಿ ಮೇಲಾಗೋ ಹಾಗೆ ಏರಿನಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು ಚಕ್ರಕ್ಕೆ ಕಲ್ಲು ಕೊಡಿ. ಇಂಜಿನ್ ತಣ್ಣಗಿರೋವಾಗಲೇ ಕ್ಯಾಪ್ ತೆಗೀರಿ, ಬಿಸಿಯಲ್ಲಿ ತೆಗೆದ್ರೆ ಮುಖಕ್ಕೆ ಚಿಮ್ಮುತ್ತೆ. ಹೀಟರ್ ಫುಲ್ ಬಿಸಿಗೆ, ಬ್ಲೋವರ್ ಒಂದರಲ್ಲಿ. ಸ್ಟಾರ್ಟ್ ಮಾಡಿ ಬಿಡಿ, ಗುಳ್ಳೆ ಬಂದು ಮಟ್ಟ ಇಳಿದ ಹಾಗೆಲ್ಲ ತುಂಬಿಸಿ. ನಡುನಡುವೆ ಹೀಟರ್ ಹೋಸನ್ನ ಕೈಯಲ್ಲಿ ಹಿಂಡಿ, ಸಿಕ್ಕ ಗಾಳಿ ಕದಲುತ್ತೆ. ಮೇಲಿನ ಹೋಸ್ ಬಿಸಿಯಾಗಿ ಫ್ಯಾನ್ ಒಂದ್ಸಲ ಓಡಿ ನಿಂತಮೇಲೆ ತುಂಬಿಸಿ ಕ್ಯಾಪ್ ಹಾಕಿ. ಎಷ್ಟು ಹೊತ್ತಾದ್ರೂ ಗುಳ್ಳೆ ನಿಲ್ಲದಿದ್ರೆ, ದಿನಾ ಕೂಲೆಂಟ್ ಇಳೀತಿದ್ರೆ ಹೆಡ್ ಗ್ಯಾಸ್ಕೆಟ್ (ಇಂಜಿನ್ ಹೆಡ್, ಬ್ಲಾಕ್ ನಡುವಿನ ಸೀಲ್) ಪರೀಕ್ಷೆ ಮಾಡಿಸಬೇಕಾಗುತ್ತೆ. ಹಿಂದೆ ಓವರ್‌ಹೀಟ್ ಆದ ಗಾಡಿ ತಾನೆ.

ಗಾಳಿ ಕಮ್ಮಿಗೆ: ಬ್ಲೋವರ್ ಗಾಳಿ ಮೊದಲು ಎಸಿ ಕೂಲಿಂಗ್ ಕಾಯಿಲ್ ದಾಟಿ, ಆಮೇಲೆ ಹೀಟರ್ ಕೋರ್‌ಗೆ ಹೋಗೋದು. ಬಳ್ಳಾರಿಯ ಕೆಂಪು ಧೂಳು ಆ ಕಾಯಿಲ್ ಮೇಲೆ ಕಂಬಳಿ ಹೊದಿಸಿರುತ್ತೆ. ಕಾಯಿಲ್ ಕ್ಲೀನ್ ಮಾಡಿಸಿ, ವೈಪರ್ ಕೆಳಗಿನ ಜಾಲರಿಯಲ್ಲಿ ಎಲೆ ಇದ್ರೆ ತೆಗೀರಿ. ಗಾಜು ಮಂಜಾದ್ರೆ ಒಳಗಿನ ಗಾಳಿಯನ್ನೇ ತಿರುಗಿಸೋ ಲಿವರ್ ಬಿಟ್ಟು ಹೊರಗಿನ ಗಾಳಿಗೆ ಹಾಕಿ, ಹೀಟರ್ ಜೊತೆಗೇ ಎಸಿ ಆನ್ ಮಾಡಿ, ತೇವ ಎಳೆದುಕೊಳ್ಳುತ್ತೆ.

ಎರಡು ಮೂರು ದಿನ ಬೆಳಿಗ್ಗೆ ತಣ್ಣಗಿರೋವಾಗ ಕ್ಯಾಪ್ ತೆಗೆದು ಮಟ್ಟ ನೋಡಿ, ಇನ್ನೊಂದು ಲೋಟ ಹಿಡಿಯಬಹುದು. ಎಲ್ಲ ಸರಿಯಾದಮೇಲೆ ನಡುವಿನ ವೆಂಟ್‌ಗೆ ಥರ್ಮಾಮೀಟರ್ ಸಿಕ್ಕಿಸಿ. 50 ಡಿಗ್ರಿ ದಾಟದಿದ್ರೆ ಎರಡೂ ಹೀಟರ್ ಹೋಸ್ ಮುಟ್ಟಿ ನೋಡಿ ಇಲ್ಲಿ ಬರೀರಿ.