ಪ್ಯಾರಾ ಎಸ್‌ಎಫ್ ಯೋಧನ ಸ್ಮಾರಕ: ಫಲಕದಲ್ಲಿ ಏನು ಬರೆಸಬೇಕು?

ಪ್ರಶ್ನೆ

ನಮ್ಮೂರ ಸರ್ಕಾರಿ ಪ್ರೌಢಶಾಲೆಯಲ್ಲಿ ಓದಿ ಸೇನೆಯ ವಿಶೇಷ ಪಡೆಯಾದ ಪ್ಯಾರಾ ಸ್ಪೆಷಲ್ ಫೋರ್ಸಸ್ (ಎಸ್‌ಎಫ್) ಸೇರಿದ್ದ ಯೋಧರೊಬ್ಬರು ಕಾಶ್ಮೀರದಲ್ಲಿ ವೀರಮರಣ ಅಪ್ಪಿದರು. ಮರಣೋತ್ತರ ಶೌರ್ಯ ಚಕ್ರ ಬಂದಿದೆ. ಬಸ್ ನಿಲ್ದಾಣದ ವೃತ್ತದಲ್ಲಿ ಎದೆಮಟ್ಟದ ಪ್ರತಿಮೆ ಇಡಬೇಕೆಂದು ಹಳೇ ವಿದ್ಯಾರ್ಥಿಗಳು ಹಣ ಕೂಡಿಸಿದ್ದೇವೆ. ಫಲಕಕ್ಕೆ ‘ಬ್ಲ್ಯಾಕ್ ಕ್ಯಾಟ್ ಕಮಾಂಡೊ, ಶೌರ್ಯ ಚಕ್ರ ವಿಜೇತ’ ಎಂದು ಬರೆದಿದ್ದೇವೆ. ಅನಾವರಣದವರೆಗೆ ತ್ರಿವರ್ಣ ಧ್ವಜ ಹೊದಿಸುವ ಯೋಚನೆಯಿದೆ. ತಿದ್ದುವುದಿದ್ದರೆ ದಯವಿಟ್ಟು ಈಗಲೇ ಹೇಳಿ.

ಉತ್ತರ 1

ವೃತ್ತದ ವಿಚಾರ ಇಂದೇ ಕೈಬಿಡಿ ಸರ್. ರಸ್ತೆ, ಪಾದಚಾರಿ ಮಾರ್ಗ, ಸಾರ್ವಜನಿಕ ಬಳಕೆಯ ಜಾಗಗಳಲ್ಲಿ ಪ್ರತಿಮೆಗೆ ಅನುಮತಿ ಕೊಡಬಾರದೆಂದು ಸುಪ್ರೀಂ ಕೋರ್ಟ್ 2013ರ ಜನವರಿ 18ರಂದು ಆದೇಶಿಸಿದೆ. ಕಟ್ಟಿದ ಮೇಲೆ ಯಾರಾದರೂ ತಕರಾರು ಎತ್ತಿದರೆ ತೆರವು ಮಾಡಬೇಕಾಗುತ್ತದೆ. ಆ ದೃಶ್ಯವನ್ನು ಅವರ ತಾಯಿ ನೋಡಬೇಕಾಗಿ ಬರಬಾರದು. ಶಾಲೆಯ ಆವರಣವೇ ಸರಿಯಾದ ಜಾಗ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯ ನಡಾವಳಿ ಬರೆಸಿ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮೂಲಕ ಇಲಾಖೆಯ ಲಿಖಿತ ಅನುಮತಿ ತೆಗೆದುಕೊಂಡ ಮೇಲೆಯೇ ಗುದ್ದಲಿ ಹಾಕಿ.

ಧ್ವಜವನ್ನಂತೂ ಹೊದಿಸಲೇಬೇಡಿ. ರಾಷ್ಟ್ರ ಗೌರವಕ್ಕೆ ಅಪಮಾನ ತಡೆ ಕಾಯ್ದೆ, 1971ರಲ್ಲಿ ಪ್ರತಿಮೆಗೆ ಧ್ವಜ ಹೊದಿಸುವುದನ್ನು ಅಪಮಾನವೆಂದು ಹೆಸರಿಸಿಯೇ ಹೇಳಿದೆ; ಮೂರು ವರ್ಷದವರೆಗೆ ಜೈಲು. ಮರೂನ್ ಅಥವಾ ಬಿಳಿ ಬಟ್ಟೆ ಸಾಕು. ಧ್ವಜ ಪಕ್ಕದ ಕಂಬದಲ್ಲಿ ಹಾರಲಿ.

ಉತ್ತರ 2

ಬರಹ ಎರಡು ಕಡೆ ತಪ್ಪಿದೆ. ಬ್ಲ್ಯಾಕ್ ಕ್ಯಾಟ್ ಅಂದರೆ ಎನ್‌ಎಸ್‌ಜಿ, ಅಂದರೆ ರಾಷ್ಟ್ರೀಯ ಭದ್ರತಾ ದಳ; ಅದು ಬೇರೆಯೇ ಪಡೆ. ಮೇಜರ್ ಸಂದೀಪ್ ಉನ್ನಿಕೃಷ್ಣನ್ 2008ರಲ್ಲಿ ತಾಜ್ ಹೋಟೆಲಿನಲ್ಲಿ ಹೋರಾಡಿದ್ದು ಎನ್‌ಎಸ್‌ಜಿಯ 51ನೇ ಸ್ಪೆಷಲ್ ಆಕ್ಷನ್ ಗ್ರೂಪ್‌ನಿಂದ, ಅವರ ಮೂಲ ಪಲ್ಟಣ ಸೇನೆಯ ಬಿಹಾರ್ ರೆಜಿಮೆಂಟಿನ 7ನೇ ಬೆಟಾಲಿಯನ್. ನಿಮ್ಮವರು ಪ್ಯಾರಾದವರು, ಅಂದರೆ ಪ್ಯಾರಾಶೂಟ್ ರೆಜಿಮೆಂಟಿನವರು. ಪ್ಯಾರಾ ಬೆಟಾಲಿಯನ್‌ಗಳೆಲ್ಲ ಎಸ್‌ಎಫ್ ಅಲ್ಲ, ಹಾಗಾಗಿ ಸಂಖ್ಯೆ ಸಮೇತ ‘9 ಪ್ಯಾರಾ (ಎಸ್‌ಎಫ್)’ ಎನ್ನುವ ಮಾದರಿಯಲ್ಲಿ ಬರೆಸಿ. ಅಲ್ಲಿ ಸಿಪಾಯಿಗೆ ‘ಪ್ಯಾರಾಟ್ರೂಪರ್’ ಎನ್ನುತ್ತಾರೆ, ಹುದ್ದೆ ಅದಾದರೆ ಅದನ್ನೇ ಹಾಕಿ.

‘ವಿಜೇತ’ ಬೇಡ, ಅದು ಪಂದ್ಯದ ಮಾತು. ‘ಶೌರ್ಯ ಚಕ್ರ (ಮರಣೋತ್ತರ)’ ಎಂದರೆ ಸಾಕು. ‘ಹುತಾತ್ಮ’ ಸೇನೆಯ ಅಧಿಕೃತ ಪದವಲ್ಲ. ಊರವರ ಪ್ರೀತಿಗೆ ಅಡ್ಡಿಯಿಲ್ಲವಾದರೂ ಫಲಕಕ್ಕೆ ‘ವೀರಮರಣ’ವೇ ಒಳ್ಳೆಯದು. ಏನು ಮಾಡಿದರೆಂಬ ಎರಡು ಸಾಲನ್ನು ಪ್ರಶಸ್ತಿಯ ಅಧಿಕೃತ ಉಲ್ಲೇಖಪತ್ರದಿಂದಲೇ ತೆಗೆದುಕೊಳ್ಳಿ, ಪತ್ರಿಕೆಯ ವರದಿಯಿಂದಲ್ಲ.

ಪದಕದ ಪಟ್ಟಿ (ರಿಬ್ಬನ್) ಕೆತ್ತಿಸುವುದಾದರೆ ಹಸಿರಿನ ಮೇಲಿನ ಕಿತ್ತಳೆ ಗೆರೆ ಎಣಿಸಿ: ಅಶೋಕ ಚಕ್ರಕ್ಕೆ ಒಂದು, ಕೀರ್ತಿ ಚಕ್ರಕ್ಕೆ ಎರಡು, ಶೌರ್ಯ ಚಕ್ರಕ್ಕೆ ಮೂರು. ಪದಕ ಎಡ ಎದೆಯ ಮೇಲೆ. ಬೆರೆಟ್ (ಸೇನೆಯ ಮೆತ್ತನೆಯ ಟೋಪಿ) ಬಲಕ್ಕೆ ಬಾಗಿರಬೇಕು, ಲಾಂಛನ ಎಡಗಣ್ಣಿನ ಮೇಲೆ ಬರಬೇಕು. ಬಣ್ಣ ಮರೂನ್, ಕೆಂಪು ಬಳಿದರೆ ಮಿಲಿಟರಿ ಪೊಲೀಸರ ಟೋಪಿಯಾಗುತ್ತದೆ. ಪ್ಯಾರಾ ಎಸ್‌ಎಫ್‌ನವರು ಧರಿಸುವ ಬಲಿದಾನ್ ಬ್ಯಾಡ್ಜ್‌ನ ಕಠಾರಿ ಕೆಳಮುಖ, ರೆಕ್ಕೆ ಮೇಲ್ಮುಖ. 2019ರ ವಿಶ್ವಕಪ್‌ನಲ್ಲಿ ಧೋನಿಯ ಗ್ಲೌಸ್ ಮೇಲೆ ಕಂಡ ಗುರುತು ಅದೇ. ಕನ್ನಡಿ ಬಿಂಬದ ಸೆಲ್ಫಿ ನೋಡಿ ಶಿಲ್ಪಿ ಎಡಬಲ ಅದಲುಬದಲು ಮಾಡುವುದುಂಟು, ಎಚ್ಚರ. ಪ್ಯಾರಾಶೂಟ್ ರೆಜಿಮೆಂಟಿನ ತರಬೇತಿ ಕೇಂದ್ರ ಬೆಂಗಳೂರಲ್ಲೇ ಇದೆ. ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯ ಮೂಲಕ ಪತ್ರ ಬರೆದು ಕರಡು ಪರಿಶೀಲಿಸಿಕೊಡಲು ಕೇಳಿ.

ಪ್ರಶ್ನೆ ಕೇಳಿದವರು

ಜಾಗ ಬದಲಿಸುತ್ತೇವೆ, ಬರಹವನ್ನೂ. ಫೈಬರ್ ಸಾಕೇ, ಕಂಚೇ ಬೇಕೇ? ಇರುವ ದುಡ್ಡು ಕಂಚಿಗೆ ಸಾಲದು.

ಉತ್ತರ 3

ಫೈಬರ್ ಬಯಲಿನಲ್ಲಿ ಬಾಳುವುದಿಲ್ಲ. ಬಿಸಿಲಿಗೆ ಕಂಚಿನ ಬಣ್ಣ ಏಳುತ್ತದೆ, ಮೂಗು ಕಿವಿಗಳ ಅಂಚಲ್ಲಿ ಬಿರುಕು ಬಿಡುತ್ತದೆ. ದುಡ್ಡು ಕಡಿಮೆಯಿದ್ದರೆ ಪ್ರತಿಮೆಯನ್ನೇ ಬಿಟ್ಟು ವೀರಗಲ್ಲು ನಿಲ್ಲಿಸಿ. ಬಿದ್ದ ವೀರನಿಗೆ ಈ ನಾಡು ಸಾವಿರ ವರ್ಷಕ್ಕೂ ಹಿಂದಿನಿಂದ ಕೊಡುತ್ತ ಬಂದ ಗೌರವ ಅದು, ಬೆಂಗಳೂರಿನ ರಾಷ್ಟ್ರೀಯ ಸೈನಿಕ ಸ್ಮಾರಕದಲ್ಲೂ ವೀರಗಲ್ಲೇ ನಿಂತಿದೆ. ಹಳೆಯ ಕ್ರಮದಂತೆ ಕೆಳಗೆ ಕಾಳಗ, ನಡುವೆ ವೀರನನ್ನು ಸ್ವರ್ಗಕ್ಕೆ ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಪೂಜೆ. ಮೇಲಿನ ಎರಡು ಪಟ್ಟಿಕೆ ಮನೆಯವರ ನಂಬಿಕೆಗೆ ಒಪ್ಪುವಂತಿರಲಿ. ಎಂಟಡಿ ಕಲ್ಲಾದರೆ ಎರಡಡಿ ಕಾಂಕ್ರೀಟಿನೊಳಗೆ ಹೂಳಬೇಕು, ಇಲ್ಲದಿದ್ದರೆ ಮಳೆಗಾಲದಲ್ಲಿ ವಾಲುತ್ತದೆ.

ಅಕ್ಷರಕ್ಕೆ ಚಿನ್ನದ ಬಣ್ಣ ತುಂಬಿಸಬೇಡಿ, ಬೇಗ ಮಾಸುತ್ತದೆ. ಆಳವಾಗಿ ಕೊರೆಸಿದರೆ ಅಕ್ಷರದೊಳಗೆ ಬೀಳುವ ನೆರಳಿನಿಂದಲೇ ಓದಬಹುದು. ಒತ್ತಕ್ಷರ ಕೆಳಗಿನ ಸಾಲಿಗೆ ತಾಗದಂತೆ ಸಾಲುಗಳ ನಡುವೆ ಧಾರಾಳ ಜಾಗ ಬಿಡಿ. ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿದ್ದು ಕೊರೆಯುವವರ ಕಂಪ್ಯೂಟರಿನಲ್ಲಿ ಒಡೆದು, ‘ಶೌರ್ಯ’ದ ಅರ್ಕಾವತ್ತೇ ಹಾರಿಹೋಗುವುದುಂಟು. ಅಳತೆಗೆ ಸರಿಯಾಗಿ ಕಾಗದದಲ್ಲಿ ಮುದ್ರಿಸಿ, ಕಲ್ಲಿನ ಮೇಲೆ ಅಂಟಿಸಿ, ಮನೆಯವರು ಮತ್ತು ಕನ್ನಡ ಮೇಷ್ಟ್ರು ಓದಿ ಸಹಿ ಹಾಕಿದ ಮೇಲೆಯೇ ಉಳಿ ಮುಟ್ಟಿಸಿ.

ಕಂಚೇ ಆಗಬೇಕೆಂದರೆ ಜೇಡಿಮಣ್ಣಿನ ಹಂತದಲ್ಲೇ ತಾಯಿಗೆ ತೋರಿಸಿ. ಅಚ್ಚು ತೆಗೆದ ಮೇಲೆ ಮುಖ ತಿದ್ದಲಾಗದು. ಶಿಲ್ಪಿಗೆ ಎದುರಿನ ಫೋಟೊದ ಜೊತೆ ಎರಡೂ ಪಕ್ಕದ ಫೋಟೊ ಬೇಕು.

ಉತ್ತರ 1

ಅನಾವರಣದ ಕ್ರಮವನ್ನೂ ಹೇಳಿಬಿಡುತ್ತೇನೆ. ಮೊದಲ ಹೂಗುಚ್ಛ ತಾಯಿಯದೋ ಹೆಂಡತಿಯದೋ ಆಗಲಿ, ಶಾಸಕರು ಆಮೇಲೆ. ಬಳಿಕ ಬ್ಯೂಗಲ್‌ನಲ್ಲಿ ಲಾಸ್ಟ್ ಪೋಸ್ಟ್ (ವಿದಾಯದ ಧುನ್), ಎರಡು ನಿಮಿಷ ಮೌನ, ಆಮೇಲೆ ರೌಸ್ (ಮೌನ ಮುಗಿಸುವ ಧುನ್), ಕೊನೆಗೆ ರಾಷ್ಟ್ರಗೀತೆ. ಬ್ಯೂಗಲ್ ಊದುವವರಿಗಾಗಿ ಎನ್‌ಸಿಸಿ ಘಟಕವನ್ನೋ ಜಿಲ್ಲಾ ಪೊಲೀಸ್ ಬ್ಯಾಂಡನ್ನೋ ಮುಂಚೆಯೇ ಕೇಳಿ. ಪಟಾಕಿ, ಡಿಜೆ ಬೇಡ. ಮೌನ ಮುಗಿಯುವವರೆಗೆ ಮೈಕನ್ನೂ ಆಫ್ ಮಾಡಿಸಿಡಿ.